‘ವೆಂಕೀಸ್ ಔಟ್’ ಅಂತ ನಾನು ಹೇಗೆ ಕೂಗಲಿ?

4 ಮೇ 2024, ಶನಿವಾರ ರಾತ್ರಿ
ಬ್ಲ್ಯಾಕ್‌ಬರ್ನ್, ಲ್ಯಾಂಕಾಷೈರ್

ಉಳಕೊಂಡ್ವಿ. ನಮ್ಮ ಫುಟ್‌ಬಾಲ್ ತಂಡ ಬ್ಲ್ಯಾಕ್‌ಬರ್ನ್ ರೋವರ್ಸ್ ಕೊನೆಯ ಆಟ ಗೆದ್ದಿತು. ಲೆಸ್ಟರ್‌ನಲ್ಲಿ 2–0. ಎರಡೂ ಗೋಲು ಸ್ಯಾಮಿ ಸ್ಮೋಡಿಕ್ಸ್‌ನದೇ. ಗಂಟಲು ಕಟ್ಟಿಹೋಗಿದೆ, ಕಾಲು ನೋಯುತ್ತಿದೆ. ಮಗ ಶರ್ಟೂ ಬಿಚ್ಚದೆ ಸೋಫಾ ಮೇಲೆ ನಿದ್ದೆ ಹೋಗಿದ್ದಾನೆ. ಹೆಂಡತಿ ಇಬ್ಬರ ಮುಖ ನೋಡಿ, “ಗೆದ್ರಾ, ಸೋತ್ರಾ? ನಿಮ್ಮ ಮುಖ ನೋಡಿದ್ರೆ ಒಂದೂ ಗೊತ್ತಾಗಲ್ಲ” ಅಂದಳು.

ಇಂಗ್ಲೆಂಡಿನ ಎರಡನೇ ದರ್ಜೆಯ ಈ ಲೀಗಿನಲ್ಲಿ 24 ತಂಡ, ಕೊನೆಯ ಮೂರು ಕೆಳಗಿನ ದರ್ಜೆಗೆ. ಬೆಳಗ್ಗೆ ಬಸ್ ಹತ್ತುವಾಗ ನಮ್ಮ ರೋವರ್ಸ್‌ಗೆ 50 ಅಂಕ, ಬರ್ಮಿಂಗ್‌ಹ್ಯಾಮ್‌ಗೆ 47. ಅವರು ಗೆದ್ದರು. ನಾವು ಸೋತು, ಉಳಿದ ಕಡೆ ಲೆಕ್ಕ ತಪ್ಪಿದ್ದರೆ 50ಕ್ಕೆ 50 ಆಗಿ ಗೋಲು ಎಣಿಸಬೇಕಿತ್ತು, ಗೋಲೆಣಿಕೆಯಲ್ಲಿ ನಮ್ಮದು ಅವರಿಗಿಂತ ದುರ್ಬಲ. 2017ರಲ್ಲಿ ಹೀಗೆಯೇ ಕೊನೆಯ ದಿನ ಬ್ರೆಂಟ್‌ಫರ್ಡ್‌ನಲ್ಲಿ 3–1 ಗೆದ್ದೂ ಗೋಲಿನ ಲೆಕ್ಕದಲ್ಲಿ ಮೂರನೇ ದರ್ಜೆಗೆ ಬಿದ್ದಿದ್ದೆವು. ಗೆದ್ದು ಅಳುವುದು ಅಂದರೆ ಏನು ಅಂತ ಅವತ್ತು ಗೊತ್ತಾಗಿತ್ತು.

ಇಷ್ಟಾಗಿಯೂ ಬಸ್ಸಿನಲ್ಲಿ, ಕ್ರೀಡಾಂಗಣದಲ್ಲಿ, ಗೆದ್ದ ಮೇಲೂ ಎದ್ದ ಕೂಗು ಅದೇ: ವೆಂಕೀಸ್ ಔಟ್. ಅಂದರೆ, ಕ್ಲಬ್ಬಿನ ಮಾಲೀಕರಾದ ವೆಂಕೀಸ್ ಕಂಪನಿಯವರು ತೊಲಗಲಿ.

ನನ್ನ ಹೆಸರು ವೆಂಕಟೇಶ. ಹೊಸಪೇಟೆಯಲ್ಲಿ ವೆಂಕ್ಯಾ, ಕಾಲೇಜಿನಲ್ಲಿ ವೆಂಕಿ. 2007ರಲ್ಲಿ ಇಲ್ಲಿಗೆ ಬಂದಾಗ ಆಫೀಸಿನವರ ನಾಲಿಗೆ ಪೂರ್ತಿ ಹೆಸರಿಗೆ ತಿರುಗದೆ ‘ವೆಂಕಿ’ಯೇ ಆದೆ. ಮೂರು ವರ್ಷ ಯಾವ ತೊಂದರೆಯೂ ಇರಲಿಲ್ಲ. 2010ರ ನವೆಂಬರ್‌ನಲ್ಲಿ ಪುಣೆಯ ವೆಂಕೀಸ್‌ನವರು 2.3 ಕೋಟಿ ಪೌಂಡ್ ಕೊಟ್ಟು, ಸಾಲವನ್ನೂ ಹೊತ್ತು, ಈ ಊರಿನ ಕ್ಲಬ್ಬನ್ನು ಕೊಂಡರು. ಪ್ರೀಮಿಯರ್ ಲೀಗಿನ ತಂಡಕ್ಕೆ ಭಾರತದ ಮಾಲೀಕರು ಅದೇ ಮೊದಲು. ಅಲ್ಲಿಂದೀಚೆಗೆ ಸಂಜೆ ಐದಕ್ಕೆ ನಾನು ಬ್ಯಾಗ್ ಹೆಗಲಿಗೇರಿಸಿದರೆ ಯಾರಾದರೂ ಒಬ್ಬರು ಹಿಂದಿನಿಂದ “ವೆಂಕೀಸ್ ಔಟ್!” ಅನ್ನದೆ ಬಿಡುವುದಿಲ್ಲ. ಹದಿಮೂರು ವರ್ಷವಾಯಿತು. ಹೊಸದಾಗಿ ಸೇರಿದವರಿಗೂ ಹಳಬರು ಮೊದಲು ಹೇಳಿಕೊಡುವುದು ಇದನ್ನೇ.

ಇಲ್ಲಿನವರಿಗೆ ಅವರು ಏಳು ಸಮುದ್ರದಾಚೆಯ ಕೋಳಿ ಕಂಪನಿಯವರು. ನನಗೆ ಹಾಗಲ್ಲ, ಅದೇ ಪೇಚು.

ಹೊಸಪೇಟೆ ಹತ್ತಿರ ಅಪ್ಪನದು ಲೇಯರ್ (ಮೊಟ್ಟೆ) ಕೋಳಿ ಫಾರಂ ಇತ್ತು. ದೊಡ್ಡದೇನಲ್ಲ, ಎರಡು ಶೆಡ್ಡು. ಶೆಡ್ಡಿನ ಪಕ್ಕದ ಕೋಣೆಯಲ್ಲಿ ಫೀಡಿನ ಚೀಲಗಳ ಮೇಲೆ ಲಕ್ಷ್ಮಿ ಫೋಟೋ, ಅದರ ಪಕ್ಕ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿದ, ವೆಂಕೀಸ್ ಬಳಗ ಕಟ್ಟಿದ ಬಿ.ವಿ. ರಾವ್ ಅವರ ಫೋಟೋ. ಊದಿನಕಡ್ಡಿ ಇಬ್ಬರಿಗೂ ಸೇರಿ ಒಂದೇ. ಈ ಕ್ಲಬ್ಬಿನ ಇವತ್ತಿನ ಮಾಲೀಕರು ಅನುರಾಧಾ ದೇಸಾಯಿ ಮತ್ತು ಅವರ ಇಬ್ಬರು ತಮ್ಮಂದಿರು, ಆ ರಾವ್ ಅವರ ಮಕ್ಕಳು.

ಕೋಳಿ ಸಾಕದವರಿಗೆ ಇದು ಅರ್ಥವಾಗುವುದು ಕಷ್ಟ. 1982ಕ್ಕೆ ಮುಂಚೆ ಮೊಟ್ಟೆ ದರವನ್ನು ಹೇಳುತ್ತಿದ್ದವನು ವ್ಯಾಪಾರಿ. ಅಪ್ಪ ಟ್ರೇ ಕಟ್ಟಿ ಪೇಟೆಗೆ ಒಯ್ದರೆ ಅವನು ಹೇಳಿದ್ದೇ ರೇಟು. ಮೊಟ್ಟೆಯನ್ನು ವಾಪಸ್ ತಂದು ಏನು ಮಾಡುವುದು? ಫೀಡಿನ ಖರ್ಚೂ ಹುಟ್ಟದ ವಾರಗಳಿದ್ದವು. ರಾವ್ ಅವರು ಊರೂರು ತಿರುಗಿ ಸಾಕಣೆದಾರರನ್ನು ಕೂಡಿಸಿ, ಎನ್‌ಇಸಿಸಿ (ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ) ಕಟ್ಟಿ, ಮೊಟ್ಟೆ ನಮ್ಮದಾದರೆ ದರವೂ ನಾವು ಹೇಳಿದ್ದೇ ಅಂದರು. ಇವತ್ತಿಗೂ ಪತ್ರಿಕೆಯ ಮೂಲೆಯಲ್ಲಿ ಬೆಂಗಳೂರು, ಮೈಸೂರು, ಹೊಸಪೇಟೆಯ ಮೊಟ್ಟೆ ದರ ಅಂತ ಬರುತ್ತದಲ್ಲ, ಅದು ಆ ವ್ಯವಸ್ಥೆಯದೇ. ನನ್ನ ಕಾಲೇಜಿನ ಫೀಸು ಆ ದರದಲ್ಲಿ ಹುಟ್ಟಿದ್ದು.

2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಬಂತು. ರೋಗ ನಮ್ಮ ಕಡೆ ಬರಲಿಲ್ಲ, ಭಯ ಬಂತು. ಮೊಟ್ಟೆ ಕೇಳುವವರಿಲ್ಲ. ಅಪ್ಪ ಒಂದು ಶೆಡ್ಡು ಖಾಲಿ ಮಾಡಿದರು, ಮುಂದಿನ ವರ್ಷ ಇನ್ನೊಂದು. ಅದೇ ವರ್ಷ ನಾನು ವಿಮಾನ ಹತ್ತಿದ್ದು.

ಈ ಊರಿಗೆ ಬಂದವನಿಗೆ ಫುಟ್‌ಬಾಲ್ ಹಿಡಿಸಿದ್ದು ಪಕ್ಕದ ಮನೆಯವರು. ಈಗ ಅವರಿಗೆ 76. ಹತ್ತಿ ಗಿರಣಿಯಲ್ಲಿ ದುಡಿಮೆ ಶುರುಮಾಡಿದವರು. ಮನೆಯಲ್ಲಿ ನಮಗೆ ಅವರು ‘ಪಕ್ಕದ್ಮನಿ ಅಜ್ಜ’. ಮೊದಲ ಸಲ ಕ್ಲಬ್ಬಿನ ಕ್ರೀಡಾಂಗಣ ಎವುಡ್ ಪಾರ್ಕಿಗೆ ಕರೆದುಕೊಂಡು ಹೋದಾಗ ಆಟ ತೋರಿಸುವ ಮುಂಚೆ ಜ್ಯಾಕ್ ವಾಕರ್ ಪ್ರತಿಮೆ ತೋರಿಸಿದರು. ನಮ್ಮಲ್ಲಿ ದೇವಸ್ಥಾನಕ್ಕೆ ಹೋದವರು ಮೊದಲು ಗರುಡಗಂಬಕ್ಕೆ ಕೈಮುಗಿದ ಹಾಗೆ.

ವಾಕರ್ ಕಥೆ ಇಲ್ಲಿ ಹಸುಗೂಸಿಗೂ ಗೊತ್ತು. ಊರಿನ ಹುಡುಗ, ಉಕ್ಕಿನ ವ್ಯಾಪಾರದಲ್ಲಿ ಗಳಿಸಿ, ಕಂಪನಿ ಮಾರಿ, 1991ರಲ್ಲಿ ಕ್ಲಬ್ಬನ್ನು ಕೈಗೆ ತಗೊಂಡ. ಎರಡನೇ ದರ್ಜೆಯಲ್ಲಿ ತೆವಳುತ್ತಿದ್ದ ತಂಡಕ್ಕೆ ಕೋಚ್ ಆಗಿ ಕೆನ್ನಿ ಡಾಲ್ಗ್ಲಿಶ್ ಬಂದರು, ಗೋಲು ಹೊಡೆಯಲು ಆಲನ್ ಶಿಯರರ್ ಬಂದ. 1995ರ ಮೇ 14ರಂದು ಲಿವರ್‌ಪೂಲ್‌ನಲ್ಲಿ ಸೋತರೂ, ಅತ್ತ ಮ್ಯಾಂಚೆಸ್ಟರ್ ಯುನೈಟೆಡ್ ಡ್ರಾ ಮಾಡಿಕೊಂಡದ್ದರಿಂದ ಇಡೀ ದೇಶಕ್ಕೆ ಚಾಂಪಿಯನ್. ದುಡ್ಡಿನಿಂದ ಕೊಂಡ ಪ್ರಶಸ್ತಿ ಅಂತ ಆಗ ಮೂಗು ಮುರಿದವರಿದ್ದರಂತೆ. ಆ ವಾಕರ್ ಕೂಡ ಇದ್ದದ್ದು ಊರಿನಲ್ಲಲ್ಲ, ತೆರಿಗೆ ಕಡಿಮೆಯಿರುವ ಜರ್ಸಿ ದ್ವೀಪದಲ್ಲಿ. ಇದನ್ನು ಒಮ್ಮೆ ಅಜ್ಜನ ಮುಂದೆ ಬಾಯಿಬಿಟ್ಟು ವಾರಗಟ್ಟಲೆ ಮಾತು ಕಳಕೊಂಡೆ. ಆದರೆ ವಾಕರ್ ಆಟಕ್ಕೆ ಬರುತ್ತಿದ್ದರು. ಅಜ್ಜ ಇಡೀ ವ್ಯಾಜ್ಯವನ್ನು ಆ ಒಂದು ಮಾತಿಗೆ ತಂದು ನಿಲ್ಲಿಸುತ್ತಾರೆ: ಅವನು ಬರುತ್ತಿದ್ದ.

ವೆಂಕೀಸ್‌ನವರೂ ಮೊದಮೊದಲು ಬಂದರು. ಕೊರಳಿಗೆ ಕ್ಲಬ್ಬಿನ ಸ್ಕಾರ್ಫು ಹಾಕಿಕೊಂಡು ಕೂತರು. ನನಗೆ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ. ರಾತ್ರಿ ಅಪ್ಪನಿಗೆ ಫೋನು ಮಾಡಿ ಹೇಳಿದರೆ ಅವರು ಊರಿಗೆಲ್ಲ ಹೇಳಿದರು. ತಿಂಗಳೊಳಗೆ ಕೋಚ್ ಸ್ಯಾಮ್ ಅಲರ್ಡೈಸ್‌ರನ್ನು ತೆಗೆದರು. ತಂಡ ಆಗ 13ನೇ ಸ್ಥಾನದಲ್ಲಿತ್ತು, ಬೆಂಕಿಯೇನೂ ಬಿದ್ದಿರಲಿಲ್ಲ. ಮುಖ್ಯ ಹುದ್ದೆಯಲ್ಲಿ ಯಾವತ್ತೂ ಕೂತಿರದ ಸ್ಟೀವ್ ಕೀನ್‌ಗೆ ತಂಡ ಕೊಟ್ಟರು. ಬ್ರೆಜಿಲಿನ ತಾರೆ ರೊನಾಲ್ಡಿನ್ಯೊ ಬರುತ್ತಾನೆ ಅಂತ ಸುದ್ದಿಯಾಯಿತು, ಬರಲಿಲ್ಲ. ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಕೋಳಿ ಕಾಲು ತಿನ್ನುವ ಜಾಹೀರಾತು ಮಾತ್ರ ಬಂತು. ಅದನ್ನು ನೋಡಿ ಇಡೀ ದೇಶ ನಕ್ಕಿತು.

2012ರ ಮೇ 7. ಎವುಡ್‌ನಲ್ಲಿ ವಿಗನ್ ವಿರುದ್ಧ 0–1, ಪ್ರೀಮಿಯರ್ ಲೀಗಿನಿಂದ ಹೊರಕ್ಕೆ. ಆಟದ ನಡುವೆ ಯಾರೋ ಕ್ಲಬ್ಬಿನ ಬಾವುಟ ಹೊದಿಸಿದ ಜೀವಂತ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟರು. ಸುತ್ತ ನಗು, ಬೈಗುಳ. ನಾನು ನೋಡಿದ್ದು ಕೋಳಿಯನ್ನು. ಗದ್ದಲಕ್ಕೆ ಕುತ್ತಿಗೆ ಚಾಚಿ, ಬಾಯಿ ತೆರೆದು ತೇಕುತ್ತಿತ್ತು. ಶೆಡ್ಡಿನಲ್ಲಿ ಹಾಗೆ ತೇಕುವ ಕೋಳಿ ಕಂಡರೆ ಅಪ್ಪ ಊಟ ಬಿಟ್ಟು ಏಳುತ್ತಿದ್ದರು. ಆ ಹೊತ್ತಿಗೆ ನನಗೆ ಸಿಟ್ಟು ಬಂದದ್ದು ಮಾಲೀಕರ ಮೇಲೋ, ಕೋಳಿ ಬಿಟ್ಟವನ ಮೇಲೋ ಇವತ್ತಿಗೂ ಹೇಳಲಾರೆ. ಹಿಂದಿನ ಸಾಲಿನಿಂದ ಒಬ್ಬ “ನಿನ್ನ ಸಂಬಂಧಿಕರಿಗೆ ಹೇಳು, ಮಾರಿಬಿಡಲಿ” ಅಂದ. ತಮಾಷೆಗೇ ಅಂದದ್ದು. ಪೂರ್ತಿ ತಮಾಷೆಯಲ್ಲ.

ಆಮೇಲೆ ಕೋಚ್ ಆಗಿ ಹೆನಿಂಗ್ ಬರ್ಗ್ 57 ದಿನ, ಮೈಕಲ್ ಆಪಲ್ಟನ್ 67 ದಿನ. ಕಾರ್ತೀಕ ಮಾಸ ಮುಗಿಯುವುದರೊಳಗೆ ಪೂಜಾರಿ ಬದಲಾದಂತೆ. 2016ರಲ್ಲಿ ಅಭಿಮಾನಿಗಳು 18ನೇ ನಿಮಿಷಕ್ಕೆ ಒಳಗೆ ಬಂದು 75ಕ್ಕೆ ಎದ್ದುಹೋದರು, ಕ್ಲಬ್ ಹುಟ್ಟಿದ್ದು 1875. ಅಜ್ಜ ಅಂದಿನಿಂದ ಎವುಡ್‌ಗೆ ಕಾಲಿಟ್ಟಿಲ್ಲ. 31 ಸಾವಿರ ಸೀಟಿನಲ್ಲಿ ಅರ್ಧಕ್ಕರ್ಧ ನೀಲಿ ಪ್ಲಾಸ್ಟಿಕ್ ನೋಡುತ್ತ ಕೂರುವುದು ಅಭ್ಯಾಸವಾಗಿದೆ.

ಆದರೆ ದುಡ್ಡು? ಮಾಲೀಕರು ಇಷ್ಟು ವರ್ಷದಲ್ಲಿ ಸುರಿದದ್ದು 20 ಕೋಟಿ ಪೌಂಡಿಗೂ ಮೇಲೆ. ಈ ದರ್ಜೆಯಲ್ಲಿ ಸಂಬಳಕ್ಕೇ ಆದಾಯ ಸಾಲದು, ವರ್ಷಾವರ್ಷ ಯಾರಾದರೂ ತುಂಬಲೇಬೇಕು. ತುಂಬದಿದ್ದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ, ಬರೀ (Bury) ಎಂಬ ಊರಿನ ಕ್ಲಬ್ ಇಲ್ಲೇ ಪಕ್ಕದಲ್ಲಿದೆ. ಸಂಬಳ ಕೊಡಲಾಗದೆ, ಲೆಕ್ಕ ತೋರಿಸಲಾಗದೆ, 2019ರ ಆಗಸ್ಟ್‌ನಲ್ಲಿ ಲೀಗಿನಿಂದಲೇ ಹೊರಬಿತ್ತು. 1885ರಿಂದ ಇದ್ದ ಕ್ಲಬ್ಬು. ಅದರ ಮಾಲೀಕ ವಿದೇಶಿಯಲ್ಲ, ಇಂಗ್ಲೆಂಡಿನವನೇ.

ಕಳೆದ ವರ್ಷದಿಂದ ದುಡ್ಡು ಬರುವುದಕ್ಕೂ ಕಟ್ಟೆ ಬಿದ್ದಿದೆ. ಜಾರಿ ನಿರ್ದೇಶನಾಲಯದ ತನಿಖೆಯೊಂದರಿಂದಾಗಿ ಇಲ್ಲಿಗೆ ಹಣ ಕಳಿಸಲು ಪ್ರತಿ ಸಲ ದೆಹಲಿ ಹೈಕೋರ್ಟಿನ ಒಪ್ಪಿಗೆ ಬೇಕು, ಬ್ಯಾಂಕ್ ಗ್ಯಾರಂಟಿ ಬೇಕು. ಲ್ಯಾಂಕಾಷೈರಿನ ಪಬ್ಬಿನಲ್ಲಿ ಬಿಯರ್ ಹಿಡಿದ ಮುದುಕರು ‘ಮುಂದಿನ ಹಿಯರಿಂಗ್ ಯಾವಾಗ’ ಅಂತ ನನ್ನನ್ನು ಕೇಳುತ್ತಾರೆ, ನಾನು ವಕೀಲನೇನೋ ಎಂಬಂತೆ. ಭಾರತದ ಕೋರ್ಟಿನಲ್ಲಿ ವಾಯಿದೆ ಅಂದರೇನು ಅಂತ ವಿವರಿಸಿ ವಿವರಿಸಿ ಸಾಕಾಗಿದೆ. ಫೆಬ್ರವರಿಯಲ್ಲಿ ಆಡಮ್ ವಾರ್ಟನ್‌ನನ್ನು 1.8 ಕೋಟಿ ಪೌಂಡಿಗೆ ಕ್ರಿಸ್ಟಲ್ ಪ್ಯಾಲೇಸ್‌ಗೆ ಮಾರಿದರು. ನಮ್ಮೂರ ಹುಡುಗ, ಆರನೇ ವಯಸ್ಸಿಗೇ ಕ್ಲಬ್ ಸೇರಿದವನು. ಅದೇ ದಿನ ಅಮೆರಿಕದಿಂದ ಕರೆಸಿಕೊಂಡ ಮುಂಪಡೆ ಆಟಗಾರನ ಕಾಗದಪತ್ರದಲ್ಲಿ ಎಡವಟ್ಟಾಗಿ ಅವನು ಬಂದ ದಾರಿಗೆ ಸುಂಕವಿಲ್ಲದೆ ಹೋದ. ಹಿಂದಿನ ವರ್ಷವೂ ಹೀಗೇ, ಕೊನೆಯ ಗಳಿಗೆಯ ಅರ್ಜಿ ತಡವಾಗಿ ಒಬ್ಬ ಕೈತಪ್ಪಿದ್ದ. ಇದಕ್ಕೆ ಯಾವ ಕೋರ್ಟೂ ಕಾರಣವಲ್ಲ.

ಇವತ್ತಿನದಕ್ಕೆ ಬರುತ್ತೇನೆ. ಬೆಳಗ್ಗೆ ಬಸ್ಸಿನಲ್ಲಿ ನೋಡಿದರೆ ಮೂರನೇ ಸಾಲಿನಲ್ಲಿ ಅಜ್ಜ! “ಬಹಿಷ್ಕಾರ ಏನಾಯ್ತು?” ಅಂದೆ. “ಎವುಡ್‌ಗೆ ಬರಲ್ಲ ಅಂದಿದ್ದು. ಹೊರಗಿನ ಆಟದ ಟಿಕೆಟ್ ದುಡ್ಡು ಎದುರಾಳಿ ಕ್ಲಬ್ಬಿಗೆ ಹೋಗುತ್ತೆ, ನಿಮ್ಮವರಿಗಲ್ಲ” ಅಂದರು. ನಿಮ್ಮವರು. ಮಂಡಕ್ಕಿ ಒಗ್ಗರಣೆ ಡಬ್ಬಿ ಮುಂದೆ ಹಿಡಿದೆ. ಎರಡು ಸಲ ಹಾಕಿಸಿಕೊಂಡರು.

ಲೆಸ್ಟರ್‌ನಲ್ಲಿ ಇಳಿದು ಆ ಕ್ಲಬ್ಬಿನ ಮಾಲೀಕರಾಗಿದ್ದ ವಿಚೈ ಪ್ರತಿಮೆ ನೋಡಿದೆವು. ಥಾಯ್ಲೆಂಡಿನವರು, ಅವರೂ ಕ್ಲಬ್ ಕೊಂಡದ್ದು ಅದೇ 2010ರಲ್ಲಿ. 2016ರಲ್ಲಿ ಲೀಗ್ ಗೆದ್ದರು. ಹುಟ್ಟುಹಬ್ಬಕ್ಕೆ ಬಂದವರಿಗೆಲ್ಲ ಬಿಯರ್ ಕೊಡಿಸುತ್ತಿದ್ದರಂತೆ. 2018ರಲ್ಲಿ ಆಟ ಮುಗಿಸಿ ಹೊರಟ ಅವರ ಹೆಲಿಕಾಪ್ಟರ್ ಕ್ರೀಡಾಂಗಣದ ಪಕ್ಕದಲ್ಲೇ ಬಿತ್ತು. ಅಲ್ಲಿ ಅವರನ್ನು ವಿದೇಶಿ ಅಂತ ಯಾರೂ ಅನ್ನುವುದಿಲ್ಲ. ಅಜ್ಜ ಪ್ರತಿಮೆಯ ಮುಂದೆ ಟೋಪಿ ತೆಗೆದರು. ಮಗ ಕೇಳಿದ, “ಅಪ್ಪಾ, ನಮ್ಮವರು ಯಾಕೆ ಹೀಗಾಗಲಿಲ್ಲ?” ಅವನು ಹುಟ್ಟಿದ್ದು 2011ರಲ್ಲಿ, ಬೇರೆ ಮಾಲೀಕರನ್ನು ನೋಡಿಯೇ ಇಲ್ಲ. ನಾನು ಟಿಕೆಟ್ ಹುಡುಕುವ ನೆಪದಲ್ಲಿ ಜೇಬು ತಡಕಿದೆ.

ಇನ್ನೊಂದು ವಿಚಿತ್ರ. ಇವತ್ತು ನಮ್ಮನ್ನು ಉಳಿಸಿದ ಕೋಚ್ ಜಾನ್ ಯೂಸ್ಟೇಸ್‌ರನ್ನು ಅಕ್ಟೋಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಹೊಸ ಅಮೆರಿಕನ್ ಮಾಲೀಕರು ತೆಗೆದುಹಾಕಿದ್ದರು, ತಂಡ 6ನೇ ಸ್ಥಾನದಲ್ಲಿದ್ದಾಗ! ದೊಡ್ಡ ಹೆಸರು ಬೇಕೆಂದು ವೇಯ್ನ್ ರೂನಿಯನ್ನು ತಂದರು. ಇವತ್ತು ಬರ್ಮಿಂಗ್‌ಹ್ಯಾಮ್ ಕೆಳಗಿಳಿಯಿತು. ಅದೇ ತಪ್ಪನ್ನು ನಾವು 2010ರಲ್ಲೇ ಮಾಡಿ ಮುಗಿಸಿದ್ದೇವೆ.

ವಾಪಸ್ ಬರುವಾಗ ಅಪ್ಪನ ಫೋನು. “ಏನಾತಲೇ ನಿಮ್ಮ ಟೀಮು?” ಗೆದ್ವಿ ಅಂದೆ. “ರಾಯರ ಮಕ್ಕಳು ಬಂದಿದ್ರೇನು?” ಇಲ್ಲ ಅಂದೆ. ಅಪ್ಪ ಸುಮ್ಮನಾದರು.

2014ರಲ್ಲಿ ಅಪ್ಪ ಇಲ್ಲಿಗೆ ಬಂದಾಗ ವಾಕರ್ ಪ್ರತಿಮೆಯ ಮುಂದೆ ಇಬ್ಬರು ಮುದುಕರ ನಡುವೆ ನಿಂತು ಅನುವಾದ ಮಾಡಿದ್ದೆ. ಅಪ್ಪ ಮೊಟ್ಟೆ ದರದ ಕಥೆಯನ್ನೆಲ್ಲ ಹೇಳಿದರು. ಅಜ್ಜ ಕೊನೆಗೆ ಕೇಳಿದರು: “ಅಷ್ಟು ದೊಡ್ಡ ಮನುಷ್ಯನ ಮಕ್ಕಳು, ಇಲ್ಲಿ ಯಾಕೆ ಹೀಗೆ?” ಅಪ್ಪ ನನ್ನ ಕಡೆ ತಿರುಗಿ, “ಇದನ್ನ ಅವರಿಗೆ ಹೇಳಬ್ಯಾಡ” ಅಂದು, “ಕೋಳಿ ಸಾಕೋನು ದಿನಕ್ಕ ಎರಡು ಸಲ ಶೆಡ್ಡಿಗೆ ಹೋಗಬೇಕು. ಬರೀ ರೊಕ್ಕ ಕಳಿಸಿದ್ರ ಕೋಳಿ ಮೊಟ್ಟಿ ಇಡಂಗಿಲ್ಲ” ಅಂದಿದ್ದರು. ಹವೆಯ ಬಗ್ಗೆ ಏನೋ ಹೇಳಿದರು ಅಂತ ನಾನು ಸುಳ್ಳು ಹೇಳಿದ್ದೆ.

ಇವತ್ತು ಫೋನು ಇಟ್ಟಮೇಲೆ ಅಜ್ಜ ಸೀಟಿನಿಂದ ತಿರುಗಿ, “ನಿಮ್ಮಪ್ಪನಾ? ಅವತ್ತು ಹವೆಯ ಬಗ್ಗೆ ಏನಂದಿದ್ರು?” ಅಂದರು. ಹತ್ತು ವರ್ಷ ಅನುಮಾನ ಇಟ್ಟುಕೊಂಡೇ ಇದ್ದರು ಅಂತಾಯಿತು. ಹೇಳಿಬಿಟ್ಟೆ. ಜೋರಾಗಿ ನಗುತ್ತಾರೆ, ಬಸ್ಸಿಗೆಲ್ಲ ಕೂಗಿ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಕಿಟಕಿಯಾಚೆ ನೋಡುತ್ತ ಬಹಳ ಹೊತ್ತು ಕೂತರು.

“ಆದರೂ ಕಳಿಸಿದ್ದಾರಲ್ಲ, ದುಡ್ಡು” ಅಂದರು ಕೊನೆಗೆ. “ಪಕ್ಕದೂರಿನ ಬರೀ ಕ್ಲಬ್ಬಿನವರಿಗೆ ಅದೂ ಇರಲಿಲ್ಲ.”

ಹಿಂದಿನ ಸಾಲುಗಳಲ್ಲಿ ಮತ್ತೆ ಕೂಗು ಶುರುವಾಯಿತು. ಅಜ್ಜ ನನ್ನ ಮೊಣಕೈ ತಿವಿದರು. “ಇದನ್ನ ಪಬ್ಬಿನಲ್ಲಿ ಯಾರಿಗೂ ಅನುವಾದ ಮಾಡಬೇಡ” ಅಂದು, ಎಲ್ಲರಿಗಿಂತ ಗಟ್ಟಿಯಾಗಿ ತಾವೂ ಕೂಗಿದರು.