ಬ್ಯಾಟರಿ ಚೈನ್‌ಸಾ ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ವೃತ್ತಿಪರ ಕೆಲಸಕ್ಕೆ ಬ್ಯಾಟರಿ ಚೈನ್‌ಸಾ ಸಾಕಾಗುತ್ತದೆಯೇ ಎಂಬ ಪ್ರಶ್ನೆ ಬಂದಾಗ ಮಾತು ನೇರವಾಗಿ ಶಕ್ತಿಯ ಕಡೆಗೆ ಹೋಗುತ್ತದೆ. ಶಕ್ತಿಯ ಪ್ರಶ್ನೆ ಬಹುಪಾಲು ಬಗೆಹರಿದಿದೆ. ಸ್ಟಿಲ್ ಕಂಪನಿಯ ಬ್ಯಾಟರಿ ಗರಗಸ ಎಂಎಸ್‌ಎ 300, ಎಪಿ 500 ಎಸ್ ಬ್ಯಾಟರಿಯ ಜೊತೆಗೆ ಗರಿಷ್ಠ 3 ಕಿಲೋವ್ಯಾಟ್ ಕೊಡುತ್ತದೆ. ಅದೇ ಕಂಪನಿಯ 50 ಸಿಸಿ ಪೆಟ್ರೋಲ್ ಯಂತ್ರ ಎಂಎಸ್ 261 ಕೊಡುವುದೂ 3 ಕಿಲೋವ್ಯಾಟೇ. ಹಸ್ಕ್‌ವರ್ನಾ ಕಂಪನಿಯ ಬ್ಯಾಟರಿ ಯಂತ್ರ 540ಐ ಎಕ್ಸ್‌ಪಿ ಸುಮಾರು 40 ಸಿಸಿ ದರ್ಜೆಯ ಕೆಲಸ ಮಾಡುತ್ತದೆ. ಮೋಟಾರಿನ ತಿರುಗುಬಲ ಮೊದಲ ಸುತ್ತಿನಿಂದಲೇ ಪೂರ್ತಿ ಸಿಗುತ್ತದೆ. ಟೂ-ಸ್ಟ್ರೋಕ್ ಎಂಜಿನ್ ತನ್ನ ಪೂರ್ಣ ಶಕ್ತಿಗೆ ನಿಮಿಷಕ್ಕೆ 9,000 ಸುತ್ತು ದಾಟಬೇಕು. ಹಾಗಾಗಿ ಚೈನ್ ಮರಕ್ಕೆ ತಾಗಿದ ಕ್ಷಣದಲ್ಲಿ ಬ್ಯಾಟರಿ ಯಂತ್ರವೇ ಚುರುಕು. ಕೊರತೆ ಇರುವುದು ಶಕ್ತಿಯಲ್ಲಲ್ಲ, ದಾಸ್ತಾನಿನಲ್ಲಿ, ಅಂದರೆ ಒಮ್ಮೆ ತುಂಬಿಕೊಂಡದ್ದು ಎಷ್ಟು ಹೊತ್ತಿನ ಕೆಲಸಕ್ಕೆ ಬರುತ್ತದೆ ಎಂಬುದರಲ್ಲಿ. ಕೊಳ್ಳುವ ನಿರ್ಧಾರ ನಿಲ್ಲಬೇಕಾದ್ದು ಆ ದಾಸ್ತಾನಿನ ಲೆಕ್ಕದ ಮೇಲೆ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಕಿಲೋವ್ಯಾಟ್-ಅವರ್ ಶಕ್ತಿ ಇರುತ್ತದೆ. ಟೂ-ಸ್ಟ್ರೋಕ್ ಎಂಜಿನ್ ಅದರಲ್ಲಿ ಹೆಚ್ಚಿನ ಭಾಗವನ್ನು ಶಾಖವಾಗಿ ಹೊರಗೆ ಬಿಡುತ್ತದೆ. ಒಳ್ಳೆಯ ಯಂತ್ರ ಪೂರ್ಣ ಹೊರೆಯಲ್ಲಿ ಒಂದು ಲೀಟರಿನಿಂದ 1.6 ಕಿಲೋವ್ಯಾಟ್-ಅವರ್ ಆಸುಪಾಸು ಚೈನಿಗೆ ತಲುಪಿಸುತ್ತದೆ. ಐಡಲಿಂಗ್‌ನಲ್ಲಿ, ಅಂದರೆ ಕತ್ತರಿಸದೆ ಸುಮ್ಮನೆ ಓಡುವಾಗ, ಸುಟ್ಟುಹೋಗುವುದನ್ನು ಕಳೆದರೆ ದಿನದ ಸರಾಸರಿ ಇನ್ನೂ ಕಡಿಮೆ, 1.2 ಎಂದಿಟ್ಟುಕೊಳ್ಳಿ. ಈಗ ಬ್ಯಾಟರಿ ಕಡೆ ನೋಡಿ. ಎಪಿ 500 ಎಸ್‌ನಲ್ಲಿ 337 ವ್ಯಾಟ್-ಅವರ್ ಇದೆ, ಹಸ್ಕ್‌ವರ್ನಾದ ಬಿಎಲ್‌ಐ 300ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೋಟಾರು ಮತ್ತು ಎಲೆಕ್ಟ್ರಾನಿಕ್ಸ್ ನಷ್ಟ ಕಳೆದು ಚೈನಿಗೆ ಬರುವುದು 290ರ ಸುತ್ತಮುತ್ತ. ಅಂದರೆ ಒಂದು ಲೀಟರ್ ಮಿಶ್ರಣದ (ಎಣ್ಣೆ ಬೆರೆಸಿದ ಪೆಟ್ರೋಲಿನ) ಕೆಲಸಕ್ಕೆ ಇಂಥ ದೊಡ್ಡ ಬ್ಯಾಟರಿ ನಾಲ್ಕರಿಂದ ಐದು ಬೇಕು.

ಈ ಒಂದು ಅಂಕಿಯೇ ಮುಕ್ಕಾಲು ಪ್ರಶ್ನೆಗೆ ಉತ್ತರ ಕೊಡುತ್ತದೆ. ಈಗಿರುವ ಪೆಟ್ರೋಲ್ ಗರಗಸ ಒಂದು ಕೆಲಸದ ದಿನದಲ್ಲಿ ಎಷ್ಟು ಲೀಟರ್ ಕುಡಿಯುತ್ತದೆ ಎಂದು ಒಂದು ವಾರ ಬರೆದಿಡಿ. ಅರ್ಧ ಲೀಟರ್ ಆದರೆ ಎರಡು-ಮೂರು ಬ್ಯಾಟರಿಯಲ್ಲಿ ದಿನ ಮುಗಿಯುತ್ತದೆ, ಹಿಂದೆ ಮುಂದೆ ನೋಡಬೇಕಿಲ್ಲ. ಎರಡು ಲೀಟರ್ ಆದರೆ ಮತ್ತೆ ಮತ್ತೆ ತುಂಬಿಕೊಳ್ಳುವ ಮೂರ್ನಾಲ್ಕು ಬ್ಯಾಟರಿ, ಕೆಲಸದ ಜಾಗದಲ್ಲೇ ಚಾರ್ಜರ್, ನಡುವೆ ವಿರಾಮ, ಇಷ್ಟೂ ಬೇಕು. ಐದು ಲೀಟರ್ ಸುಡುವವರು ಪೆಟ್ರೋಲ್ ಯಂತ್ರವನ್ನೇ ಮುಖ್ಯವಾಗಿ ಇಟ್ಟುಕೊಳ್ಳಲಿ. ರೆಂಬೆ ಸವರುವ ಕೆಲಸದಲ್ಲಿ ಲೆಕ್ಕ ಬ್ಯಾಟರಿಗೆ ಇನ್ನಷ್ಟು ಅನುಕೂಲ. ಅಲ್ಲಿ ಪೆಟ್ರೋಲ್ ಗರಗಸ ಕತ್ತರಿಸುವುದಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ಗುರುಗುಟ್ಟುತ್ತಿರುತ್ತದೆ. ಬ್ಯಾಟರಿ ಯಂತ್ರ ಟ್ರಿಗರ್ ಬಿಟ್ಟ ಕೂಡಲೇ ಖರ್ಚು ನಿಲ್ಲಿಸುತ್ತದೆ.

ಜಾಹೀರಾತಿನಲ್ಲಿ ಬರುವ ಚಾಲನಾ ಸಮಯವನ್ನು ನಂಬಿ ಯೋಜನೆ ಹಾಕಬೇಡಿ. 337 ವ್ಯಾಟ್-ಅವರ್ ಬ್ಯಾಟರಿಯಿಂದ ಸತತವಾಗಿ 2 ಕಿಲೋವ್ಯಾಟ್ ಎಳೆದರೆ ಹತ್ತೇ ನಿಮಿಷ, 3 ಕಿಲೋವ್ಯಾಟ್ ಎಳೆದರೆ ಏಳು ನಿಮಿಷವೂ ಇಲ್ಲ. ಚೈನ್ ಮರದೊಳಗೆ ಇರುವ ಹೊತ್ತು ಮಾತ್ರ ಲೆಕ್ಕಕ್ಕೆ ಬರುತ್ತದೆ. ಕೊಂಬೆ ಎಳೆದು ಹಾಕುವುದು, ಜಾಗ ಬದಲಿಸುವುದು, ಹಗ್ಗ ಕಟ್ಟುವುದು, ಇವೆಲ್ಲ ಸೇರಿದರೆ ಅದೇ ಹತ್ತು ನಿಮಿಷ ಮುಕ್ಕಾಲು ಗಂಟೆಗೆ ಹಿಗ್ಗುತ್ತದೆ.

ವೋಲ್ಟೇಜ್ ನೋಡಿ ಮೋಸಹೋಗುವವರು ಬಹಳ. 36 ವೋಲ್ಟ್ ಎಂದು ಬರೆದದ್ದೂ 40 ವೋಲ್ಟ್ ಮ್ಯಾಕ್ಸ್ ಎಂದು ಬರೆದದ್ದೂ ಒಳಗೆ ಒಂದೇ: ಸರಣಿಯಲ್ಲಿ ಹತ್ತು ಸೆಲ್. ಪ್ರತಿ ಸೆಲ್ಲಿನ ಸರಾಸರಿ 3.6 ವೋಲ್ಟ್ ಹಿಡಿದರೆ 36, ತುಂಬಿ ತುಳುಕುವಾಗಿನ 4.2 ಹಿಡಿದರೆ 42, ಅದನ್ನೇ 40 ಎಂದು ಬರೆಯುತ್ತಾರೆ. 18 ಮತ್ತು 20ರ ಕಥೆಯೂ ಇದೇ, ಅಲ್ಲಿ ಐದು ಸೆಲ್. ಆಂಪಿಯರ್-ಅವರ್ ಒಂದೇ ನೋಡಿದರೂ ಅರ್ಥವಿಲ್ಲ. 18 ವೋಲ್ಟಿನ 12 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 216 ವ್ಯಾಟ್-ಅವರ್, 36 ವೋಲ್ಟಿನ 9.4 ಆಂಪಿಯರ್-ಅವರ್‌ನಲ್ಲಿ 338. ಹೋಲಿಸಬೇಕಾದ್ದು ವ್ಯಾಟ್-ಅವರ್ ಮಾತ್ರ. ಅದು ಬ್ಯಾಟರಿಯ ಮೈಮೇಲಿನ ಚೀಟಿಯಲ್ಲಿ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ.

ದೊಡ್ಡ ಗರಗಸಕ್ಕೆ ಚಿಕ್ಕ ಬ್ಯಾಟರಿ ಹಾಕಿ ತೂಕ ಉಳಿಸುವ ಆಸೆಯೂ ಕೈಕೊಡುತ್ತದೆ. 36 ವೋಲ್ಟಿನಲ್ಲಿ 3 ಕಿಲೋವ್ಯಾಟ್ ಎಂದರೆ 83 ಆಂಪಿಯರ್. ಕಡಿಮೆ ಸೆಲ್‌ಗಳಿರುವ ಬ್ಯಾಟರಿ ಅಷ್ಟು ಹರಿಸಲು ಹೋದರೆ ಬಿಸಿಯೇರಿ ವೋಲ್ಟೇಜ್ ಕುಸಿಯುತ್ತದೆ. ಆಗ ಎಲೆಕ್ಟ್ರಾನಿಕ್ಸ್ ಶಕ್ತಿ ತಗ್ಗಿಸುತ್ತದೆ, ಇಲ್ಲವೇ ಪೂರ್ತಿ ನಿಲ್ಲಿಸುತ್ತದೆ. ಇನ್ನು ತೂಕದ ವಿಷಯ: ಎಪಿ 500 ಎಸ್ ಒಂದೇ ಸುಮಾರು 2 ಕಿಲೋ ತೂಗುತ್ತದೆ. ಅದನ್ನು ಹಾಕಿದ ಮೇಲೆ ಗರಗಸ 50 ಸಿಸಿ ಪೆಟ್ರೋಲ್ ಯಂತ್ರಕ್ಕಿಂತ ಹಗುರವೇನಲ್ಲ. ಪೆಟ್ರೋಲ್ ಟ್ಯಾಂಕ್ ಖಾಲಿಯಾದಂತೆ ಹಗುರಾಗುತ್ತದೆ, ಬ್ಯಾಟರಿ ಆಗುವುದಿಲ್ಲ. ಬ್ಯಾಟರಿ ಯಂತ್ರ ಹಗುರ ಎಂಬ ಮಾತು ಚಿಕ್ಕ ದರ್ಜೆಗೆ ಮಾತ್ರ ಒಪ್ಪುತ್ತದೆ.

ಬ್ಯಾಟರಿ ಗರಗಸದಲ್ಲಿ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಮತ್ತು ಚೈನ್ ಆಯ್ಕೆ ಪೆಟ್ರೋಲಿಗಿಂತ ಹೆಚ್ಚು ಮುಖ್ಯ. ಕಾರಣ ಸರಳ. ಚೈನ್ ಎಷ್ಟು ಅಗಲದ ಸೀಳು ಕೊರೆಯುತ್ತದೋ ಅಷ್ಟು ಮರವನ್ನು ಪುಡಿ ಮಾಡಲು ಶಕ್ತಿ ಖರ್ಚಾಗುತ್ತದೆ. 1.1 ಅಥವಾ 1.3 ಮಿಮೀ ಗೇಜಿನ (ಬಾರಿನ ಗಾಡಿಯಲ್ಲಿ ಕೂರುವ ಕೊಂಡಿಯ ದಪ್ಪ) ಕಿರಿದಾದ ಚೈನ್‌ಗಳು ಈ ಯಂತ್ರಗಳ ಜೊತೆ ಬರುವುದು ಅದಕ್ಕೇ. ಚೆನ್ನಾಗಿ ಕಾಣುತ್ತದೆಂದು 50 ಸೆಂಮೀ ಬಾರ್ ಹಾಕಿದರೆ ಘರ್ಷಣೆ ಹೆಚ್ಚುತ್ತದೆ, ಪಂಪಿನ ಎಣ್ಣೆ ತುದಿಯವರೆಗೆ ಸಾಲುವುದಿಲ್ಲ, ತುದಿಯ ಸ್ಪ್ರಾಕೆಟ್ (ಚೈನ್ ತಿರುಗುವ ಹಲ್ಲುಚಕ್ರ) ಬೇಗ ಸವೆಯುತ್ತದೆ. ಬಹುತೇಕ ಬ್ಯಾಟರಿ ಗರಗಸಗಳಿಗೆ 35ರಿಂದ 40 ಸೆಂಮೀ ಬಾರ್ ಸರಿಯಾದ ಅಳತೆ.

ಹರಿತದ ವಿಷಯದಲ್ಲಿ ಉದಾಸೀನ ಮಾಡಿದರೆ ಪೆಟ್ರೋಲ್ ಗರಗಸ ಸಹಿಸಿಕೊಳ್ಳುತ್ತದೆ, ಒಂದಿಷ್ಟು ಇಂಧನ ಹೆಚ್ಚು ಸುಟ್ಟು ಕೆಲಸ ಮುಗಿಸಿಕೊಡುತ್ತದೆ. ಬ್ಯಾಟರಿ ಗರಗಸದಲ್ಲಿ ಮೊಂಡು ಚೈನ್ ಎಂದರೆ ಕಣ್ಣೆದುರೇ ಚಾರ್ಜ್ ಸೋರುವುದು. ಬುಡದಲ್ಲಿ ಬೀಳುವ ಹೊಟ್ಟನ್ನು ನೋಡಿ: ಚಪ್ಪಟೆ ಚೂರುಗಳು ಬೀಳುತ್ತಿದ್ದರೆ ಸರಿ, ಹಿಟ್ಟಿನಂಥ ಪುಡಿ ಬೀಳತೊಡಗಿದರೆ ನಿಲ್ಲಿಸಿ ಅರ ಹಿಡಿಯಿರಿ. ಚೈನಿನ ಕೊಂಡಿಗಳ ಅಂತರವನ್ನು ಇಂಚಿನಲ್ಲಿ ಹೇಳುತ್ತಾರೆ: 3/8 ಲೋ ಪ್ರೊಫೈಲ್ (ಗಿಡ್ಡ ಹಲ್ಲಿನ) ಚೈನಿಗೆ 4 ಮಿಮೀ ಉರುಟು ಅರ, ಸಾಮಾನ್ಯ .325 ಚೈನಿಗೆ 4.8 ಮಿಮೀ. 1.1 ಮಿಮೀಯ ಕಿರಿದಾದ .325 ಬಂದಿದ್ದರೆ ಅರದ ಅಳತೆಯನ್ನು ಚೈನಿನ ಡಬ್ಬಿಯ ಮೇಲೆ ನೋಡಿಯೇ ಕೊಳ್ಳಿ, ಅಂದಾಜು ಬೇಡ. ಪ್ರತಿ ಬ್ಯಾಟರಿ ಬದಲಿಸುವಾಗ ಹಲ್ಲಿಗೆ ಎರಡೋ ಮೂರೋ ಎಳೆತ ಕೊಡುವ ಅಭ್ಯಾಸವಿದ್ದರೆ ಚೈನ್ ಎಂದೂ ಮೊಂಡಾಗುವ ಹಂತಕ್ಕೆ ಹೋಗುವುದಿಲ್ಲ.

ಡೆಪ್ತ್ ಗೇಜ್, ಅಂದರೆ ಹಲ್ಲಿನ ಮುಂದಿರುವ ಗುಬುಟು, ಹಲ್ಲಿಗಿಂತ ಸುಮಾರು 0.65 ಮಿಮೀ ಕೆಳಗಿರಬೇಕು. ಬೇಗ ಕತ್ತರಿಸಲಿ ಎಂದು ಅದನ್ನು ಇನ್ನೂ ತಗ್ಗಿಸುವವರಿದ್ದಾರೆ. ಪೆಟ್ರೋಲ್ ಯಂತ್ರದಲ್ಲಿ ಅದು ಒರಟಾಗಿ ಕಚ್ಚಿ ಕಿಕ್‌ಬ್ಯಾಕ್, ಅಂದರೆ ಬಾರ್ ಹಠಾತ್ತನೆ ಮೈಕಡೆಗೆ ಚಿಮ್ಮುವ, ಅಪಾಯ ತರುತ್ತದೆ. ಬ್ಯಾಟರಿ ಯಂತ್ರದಲ್ಲಿ ಅದರ ಜೊತೆಗೆ ಹಲ್ಲು ಮರಕ್ಕೆ ಕಚ್ಚಿಕೊಂಡಾಗಲೆಲ್ಲ ಕರೆಂಟ್ ಒಮ್ಮೆಲೇ ಏರಿ ಮೋಟಾರು ಕಟ್ ಆಗುತ್ತದೆ. ಗರಗಸ ಪದೇ ಪದೇ ನಿಲ್ಲುತ್ತಿದೆ, ಬ್ಯಾಟರಿ ಹಾಳಾಗಿದೆ ಎಂಬ ದೂರಿನ ಮೂಲ ಅನೇಕ ಸಲ ಇದೇ. ಹೀಗೆ ನಿಂತಾಗ ಟ್ರಿಗರ್ ಪೂರ್ತಿ ಬಿಟ್ಟು, ಬಾರನ್ನು ಸೀಳಿನಲ್ಲಿ ಸಡಿಲಿಸಿ, ಮತ್ತೆ ಒತ್ತಬೇಕು. ಒತ್ತಿ ಹಿಡಿದೇ ಕಾದರೆ ಯಂತ್ರ ಮತ್ತೆ ಹೊರಡುವುದಿಲ್ಲ. ಅಂದಹಾಗೆ, ಮೋಟಾರಿನಿಂದ ಸ್ಪ್ರಾಕೆಟ್‌ಗೆ ನೇರವಾಗಿ ಚಾಲನೆ ಇರುವ ಮಾದರಿಗಳಲ್ಲಿ ಸುಟ್ಟುಹೋಗಲು ಕ್ಲಚ್ಚೇ ಇರುವುದಿಲ್ಲ, ಇದು ದೊಡ್ಡ ನೆಮ್ಮದಿ.

ಚೈನ್ ಎಣ್ಣೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಪೆಟ್ರೋಲ್ ಗರಗಸದಲ್ಲಿ ಎಣ್ಣೆಯ ಟ್ಯಾಂಕನ್ನು ಇಂಧನ ಮುಗಿಯುವ ಹೊತ್ತಿಗೂ ಸ್ವಲ್ಪ ಉಳಿಯುವಂತೆ ರೂಪಿಸಿರುತ್ತಾರೆ. ಪೆಟ್ರೋಲ್ ತುಂಬುವಾಗ ಎಣ್ಣೆಯನ್ನೂ ತುಂಬುವುದು ಕೈಗೆ ತಾನಾಗಿ ರೂಢಿಯಾಗಿಬಿಡುತ್ತದೆ. ಬ್ಯಾಟರಿ ಬದಲಿಸುವ ಕೈಗೆ ಆ ನೆನಪಿಲ್ಲ. ಚೈನ್ ನೀಲಿಗಟ್ಟಿ, ಬಾರಿನ ಅಂಚು ಮುಳ್ಳೆದ್ದ ಮೇಲೆ ಗೊತ್ತಾಗುತ್ತದೆ. ಹೊಸ ಬ್ಯಾಟರಿ ಕೂರಿಸುವ ಮೊದಲು ಎಣ್ಣೆಯ ಮಟ್ಟ ನೋಡಲೇಬೇಕೆಂಬ ನಿಯಮವನ್ನು ತಂಡಕ್ಕೆ ಕಲಿಸಿ. ಅರ ಹಿಡಿಯುವಾಗ, ಚೈನ್ ಬಿಗಿ ಮಾಡುವಾಗ, ಸಿಕ್ಕಿದ ಚೂರು ತೆಗೆಯುವಾಗ ಬ್ಯಾಟರಿ ಹೊರಗಿರಲಿ. ಇದರಲ್ಲಿ ರಿಯಾಯಿತಿ ಇಲ್ಲ. ನಿಂತ ಎಂಜಿನ್ ತಾನಾಗಿ ಹೊರಡುವುದಿಲ್ಲ. ಬ್ಯಾಟರಿ ಗರಗಸ ಸದ್ದಿಲ್ಲದೆ, ಬೆರಳ ಒಂದು ಒತ್ತಿನ ದೂರದಲ್ಲಿ ಕಾಯುತ್ತಿರುತ್ತದೆ.

ಸದ್ದಿನ ಮಾತು ಬಂದಿದ್ದರಿಂದ ಹೇಳುತ್ತೇನೆ: ಕಡಿಮೆ ಸದ್ದೆಂದು ಕಿವಿಗೆ ರಕ್ಷಣೆ ಬಿಡುವಂತಿಲ್ಲ. ಕತ್ತರಿಸುವಾಗ ವೃತ್ತಿಪರ ಬ್ಯಾಟರಿ ಗರಗಸಗಳೂ 85 ಡೆಸಿಬಲ್ ದಾಟುತ್ತವೆ. ಆದರೂ ಲಾಭ ನಿಜವಾದದ್ದು. ಕಡಿತದ ನಡುವೆ ನೆಲದ ಮೇಲಿನವನ ಕೂಗು ಮರದ ಮೇಲಿನವನಿಗೆ ಕೇಳುತ್ತದೆ, ನಾರು ಬಿರಿಯುವ ಸದ್ದೂ ಕೇಳುತ್ತದೆ. ಜೀವ ಉಳಿಸುವ ಮಾಹಿತಿ ಅದು. ಕಂಪನದಲ್ಲಿಯೂ ಹಾಗೆಯೇ. ಯುರೋಪಿನ 2002/44 ನಿರ್ದೇಶನದಂತೆ ಎಂಟು ಗಂಟೆಯ ದಿನಕ್ಕೆ ಕೈಯ ಕಂಪನ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ಮುಟ್ಟಿದರೆ ಕ್ರಮ ಕೈಗೊಳ್ಳಬೇಕು, 5 ದಾಟುವಂತಿಲ್ಲ. ಐಡಲಿಂಗ್ ಇಲ್ಲದ ಯಂತ್ರದಲ್ಲಿ ಕೈಗೆ ಕಂಪನ ತಾಗುವ ಹೊತ್ತೇ ಕಡಿಮೆ. ಬೆರಳು ಬಿಳಿಚಿ ಮರಗಟ್ಟುವ ತೊಂದರೆ ಆರಂಭವಾದವರಿಗೆ ಬೇರೆಲ್ಲ ಲೆಕ್ಕಕ್ಕಿಂತ ಇದೇ ದೊಡ್ಡದು.

ಮರ ಹತ್ತಿ ಕೆಲಸ ಮಾಡುವವರಿಗೆ ನನ್ನ ಸಲಹೆಯಲ್ಲಿ ಎರಡು ಮಾತಿಲ್ಲ: ಟಾಪ್-ಹ್ಯಾಂಡಲ್, ಅಂದರೆ ಹಿಡಿ ಮೇಲ್ಭಾಗದಲ್ಲಿರುವ, ಬ್ಯಾಟರಿ ಗರಗಸವನ್ನೇ ತೆಗೆದುಕೊಳ್ಳಿ. ಹಗ್ಗದಲ್ಲಿ ನೇತಾಡುತ್ತ ಎಂಜಿನ್ ಹೊರಡಿಸುವ ರಿಕಾಯಿಲ್ ದಾರ ಎಳೆಯುವ ಕಷ್ಟವಿಲ್ಲ, ಮುಖಕ್ಕೆ ಹೊಗೆಯಿಲ್ಲ, ಬಿಸಿ ಸೈಲೆನ್ಸರ್ ಹಗ್ಗಕ್ಕೆ ತಾಗುವ ಭಯವಿಲ್ಲ. ಎತ್ತರದ ಬೆಟ್ಟ ಪ್ರದೇಶದಲ್ಲಿ ಗಾಳಿ ತೆಳುವಾದಂತೆ ಎಂಜಿನ್ ಸೋಲುತ್ತದೆ, ಮೋಟಾರು ಸೋಲುವುದಿಲ್ಲ.

ಬ್ಯಾಟರಿ ಬೇಗ ಸಾಯಲು ಮುಖ್ಯ ಕಾರಣ ಶಾಖ. ಈಗಷ್ಟೇ ಖಾಲಿಯಾದ ಬ್ಯಾಟರಿ ಬಿಸಿ ಇರುತ್ತದೆ. ಚಾರ್ಜರಿಗೆ ಹಾಕಿದರೂ ಅದು ತಣಿಯುವ ತನಕ ಒಳ್ಳೆಯ ಚಾರ್ಜರ್ ಕೆಲಸ ಶುರುಮಾಡುವುದಿಲ್ಲ. 500 ವ್ಯಾಟಿನ ಚಾರ್ಜರ್ 337 ವ್ಯಾಟ್-ಅವರ್ ತುಂಬಲು ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂದುಕೊಂಡರೆ, ಬೇಸಿಗೆಯಲ್ಲಿ ಈ ಕಾಯುವಿಕೆಯೂ ಸೇರಿ ಗಂಟೆ ದಾಟುತ್ತದೆ. ಹಾಗಾಗಿ ಎರಡೇ ಬ್ಯಾಟರಿಯಲ್ಲಿ ಸುತ್ತು ತಪ್ಪುತ್ತದೆ. ಒಂದು ಗರಗಸದಲ್ಲಿ, ಒಂದು ಚಾರ್ಜರಿನಲ್ಲಿ, ಒಂದು ನೆರಳಲ್ಲಿ ತಣಿಯುತ್ತ, ಹೀಗೆ ಮೂರಿದ್ದರೆ ಕೆಲಸ ನಿಲ್ಲುವುದಿಲ್ಲ. ಚಳಿಯಲ್ಲಿ ತೊಂದರೆ ಬೇರೆ ರೀತಿಯದು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೆ ಕೂತು ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಬಳಸುವಾಗ ಬೆಚ್ಚಗಿನ ಜೇಬಿನಿಂದಲೋ ಪೆಟ್ಟಿಗೆಯಿಂದಲೋ ತೆಗೆದು ಹಾಕಿ. ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿ ಇಡಿ. ಬಿಸಿಲಲ್ಲಿ ನಿಂತ ವಾಹನದ ಒಳಗೆ ಬಿಡಬೇಡಿ. ಕೆಳಗೆ ಬಿದ್ದು ಬಿರುಕುಬಿಟ್ಟ ಅಥವಾ ಉಬ್ಬಿದ ಬ್ಯಾಟರಿಯನ್ನು ಚಾರ್ಜರಿಗೆ ಹಾಕಲೇಬೇಡಿ. ವಿಮಾನದಲ್ಲಿ ಕೆಲಸಕ್ಕೆ ಹೋಗುವವರು ಇನ್ನೊಂದು ತಿಳಿದಿರಬೇಕು: 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ಒಯ್ಯುವಂತಿಲ್ಲ.

ವಿದ್ಯುತ್ ಇಲ್ಲದ ಕಡೆ ವಾಹನದಿಂದ ಚಾರ್ಜ್ ಮಾಡಿಕೊಳ್ಳುತ್ತೇವೆ ಎನ್ನುವವರು 12 ವೋಲ್ಟಿನ 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯ ಲೆಕ್ಕ ಹಾಕಲಿ. ಅದರಲ್ಲಿ 1,200 ವ್ಯಾಟ್-ಅವರ್. ಅದು ಕೆಡದಂತೆ ಬಳಸಬಹುದಾದದ್ದು ಅರ್ಧ. ಇನ್ವರ್ಟರ್ ಮತ್ತು ಚಾರ್ಜರ್ ನಷ್ಟ ಕಳೆದರೆ ಉಳಿಯುವುದು 450ರ ಹತ್ತಿರ, ಒಂದೂವರೆ ದೊಡ್ಡ ಬ್ಯಾಟರಿಗೂ ಸಾಲದು. ಎರಡು ವೇಗದ ಚಾರ್ಜರ್ ನಡೆಸಲು 1,500 ವ್ಯಾಟಿನ ಜನರೇಟರ್ ಬೇಕು. ಅಷ್ಟೆಲ್ಲ ಹೊತ್ತುಕೊಂಡು ಹೋಗುವುದಾದರೆ ಪೆಟ್ರೋಲ್ ಗರಗಸ ಒಯ್ಯುವುದೇ ನೇರ ದಾರಿ.

ಅದೇ ರೀತಿ ದಿನವಿಡೀ ದಪ್ಪ ದಿಮ್ಮಿ ತುಂಡರಿಸುವುದು, ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ತೆಗೆಯುವುದು, ಬಿರುಗಾಳಿಯ ನಂತರ ವಿದ್ಯುತ್ ಕಡಿತವಾದ ರಸ್ತೆ ತೆರವು ಮಾಡುವುದು, ಇವೆಲ್ಲ ಇಂದಿಗೂ 60 ಸಿಸಿ ಮೇಲಿನ ಪೆಟ್ರೋಲ್ ಯಂತ್ರಗಳ ಕೆಲಸ. ಉದ್ದಕ್ಕೆ ಸೀಳುವಾಗ ಹೊರೆ ಒಂದು ಕ್ಷಣವೂ ಇಳಿಯುವುದಿಲ್ಲ, ಬ್ಯಾಟರಿ ಬಿಸಿಯೇರಿ ಕಟ್ ಆಗುವುದು ಖಚಿತ. ದುರಸ್ತಿಯೂ ಯೋಚಿಸಬೇಕಾದ ವಿಷಯ. ಪೆಟ್ರೋಲ್ ಯಂತ್ರದ ಪ್ಲಗ್, ಫಿಲ್ಟರ್, ಡಯಾಫ್ರಮ್ (ಕಾರ್ಬ್ಯುರೇಟರಿನ ಪೊರೆ) ಕಾಡಿನಲ್ಲೇ ಬದಲಿಸಬಹುದು. ಬ್ಯಾಟರಿ ಗರಗಸದ ಎಲೆಕ್ಟ್ರಾನಿಕ್ ಬೋರ್ಡ್ ಹೋದರೆ ಯಂತ್ರ ಸರ್ವಿಸ್‌ಗೆ ಹೋಗಲೇಬೇಕು. ಮೋಟಾರಿನ ಗಾಳಿ ಕಿಂಡಿಗಳಲ್ಲಿ ಅಂಟು ಹೊಟ್ಟು ಕೂರದಂತೆ ದಿನಾ ಬ್ರಷ್ ಆಡಿಸುವುದು, ಬ್ಯಾಟರಿಯ ಸಂಪರ್ಕ ಪಟ್ಟಿಗಳನ್ನು ಒಣಬಟ್ಟೆಯಲ್ಲಿ ಒರೆಸುವುದು, ಬೋರ್ಡ್ ಉಳಿಸಿಕೊಳ್ಳಲು ನಿಮ್ಮ ಕೈಯಲ್ಲಿರುವುದು ಬಹುಮಟ್ಟಿಗೆ ಇಷ್ಟೇ.

ಬ್ಯಾಟರಿಗೆ ಬದಲಾದ ಮೇಲೆ ಹಳೆಯ ಪೆಟ್ರೋಲ್ ಗರಗಸವನ್ನು ಆಪತ್ತಿಗೆಂದು ಉಳಿಸಿಕೊಳ್ಳುವುದಾದರೆ ಟ್ಯಾಂಕಿನಲ್ಲಿ ಮಿಶ್ರಣ ಬಿಟ್ಟು ಮೂಲೆಗಿಡಬೇಡಿ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರಿ ಕಾರ್ಬ್ಯುರೇಟರಿನಲ್ಲಿ ಅಂಟುಗಟ್ಟುತ್ತದೆ, ಡಯಾಫ್ರಮ್ ಗಡುಸಾಗುತ್ತದೆ, ಬೇಕಾದ ದಿನ ಯಂತ್ರ ಹೊರಡುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಎರಡು-ಮೂರು ತಿಂಗಳಿಗೊಮ್ಮೆ 50:1ರಂತೆ, ಅಂದರೆ ಲೀಟರಿಗೆ 20 ಮಿಲಿ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿದ ತಾಜಾ ಮಿಶ್ರಣ ಸ್ವಲ್ಪ ಹಾಕಿ, ಹೊರೆ ಕೊಟ್ಟು ಕತ್ತರಿಸಿ, ಮತ್ತೆ ಖಾಲಿ ಮಾಡಿ.