ಅವಲಕ್ಕಿ ತಿನ್ನಲಿಕ್ಕೆ ಮದ್ರಾಸಿಗೆ ಯಾಕೆ ಹೋಗಬೇಕು?

ಪ್ರಶ್ನೆ ಇಷ್ಟೇ: "ಪೇಟೆಗಳಿಗೆ ಹೋದರೆ ಹೋಟೆಲಿಗೆ ಹೋಗದೆ ಅಂಗಡಿಯಿಂದ ಸಾಮಾನು ತಂದು ತಿನ್ನುತ್ತೀಯಂತೆ, ಎಷ್ಟು ಉಳಿಯುತ್ತದೆ?" ಕೇಳುವವರು 'ಎಷ್ಟು' ಎಂಬಲ್ಲಿ ಸ್ವಲ್ಪ ಎಳೆಯುತ್ತಾರೆ. ಆ ಎಳೆತದಲ್ಲೇ ಜುಗ್ಗ ಎಂಬ ಬಿರುದು ಉಂಟು. ಬಾಯಲ್ಲಿ ಹೇಳಿ ಸಾಕಾಗಿದೆ ಮಾರಾಯ್ರೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಲೆಕ್ಕ ಮೊದಲು ಮುಗಿಸುವ. ಚೆನ್ನೈಯಲ್ಲಿ ಅರ್ಧ ಲೀಟರ್ ಮೊಸರಿನ ಪ್ಯಾಕೆಟ್, ಕಾಲು ಕಿಲೋ ತೆಳು ಅವಲಕ್ಕಿ, ಎರಡು ಮುಳ್ಳುಸೌತೆ, ನಾಲ್ಕು ಬಾಳೆಹಣ್ಣು. ನೂರು ರೂಪಾಯಿ ಆಸುಪಾಸಿನಲ್ಲಿ ಎರಡು ಹೊತ್ತು ಕಳೆಯುತ್ತದೆ. ಕೂತು ಉಣ್ಣುವ ಹೋಟೆಲಿನಲ್ಲಿ ಅದು ಒಂದು ಹೊತ್ತಿಗೇ ಸಾಲುವುದಿಲ್ಲ, ಮೇಲಿಂದ ಶೇಕಡಾ 5 ಜಿಎಸ್‌ಟಿ. ನೀರಿನ ಬಾಟಲಿಗೆ ಅಂಗಡಿಯವ ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ಕೇಳುವ ಹಾಗಿಲ್ಲ. ಅದೇ ಬಾಟಲಿ ಹೋಟೆಲಿನ ಮೇಜಿಗೆ ಬಂದರೆ ಕೇಳಬಹುದು. 2017ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ಮೂರು ದಿನಕ್ಕೆ ಐನೂರು, ಆರುನೂರು ಉಳಿಯುತ್ತದೆ. ಆಯಿತಾ?

ಆಗುವುದಿಲ್ಲ, ಗೊತ್ತುಂಟು. ನಮ್ಮ ಕಾಸರಗೋಡಿನ ನೀರ್ಚಾಲಿನ ಹತ್ತಿರ ಒಂದು ಉಪನಯನದಲ್ಲಿ ಇದೇ ಲೆಕ್ಕವನ್ನು ಪಂಕ್ತಿಯಲ್ಲಿ ಕೂತು ಹೇಳಿದವ ನಾನು. ಎದುರು ಸಾಲಿನ ಹಿರಿಯರೊಬ್ಬರು, ಸಂಬಂಧದಲ್ಲಿ ದೊಡ್ಡಪ್ಪ ಆಗಬೇಕು, ಸಾರಿನ ಅನ್ನ ಕಲಸುತ್ತಲೇ ಇಡೀ ಚಪ್ಪರಕ್ಕೆ ಕೇಳುವ ಹಾಗೆ, "ಅಲ್ಲ ಮಗಾ, ನೀನು ಮದ್ರಾಸಿಗೆ ಹೋಗಿ ರೂಮಿನ ಬಾಗಿಲು ಹಾಕಿಕೊಂಡು ಅವಲಕ್ಕಿ ತಿಂದದ್ದಂತೆ ಹೌದಾ? ಅದು ಇಲ್ಲಿ ಸಿಗುವುದಿಲ್ಲವಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಲೆಕ್ಕ ಕೇಳಿದರು, ಕೊಟ್ಟೆ. ಅಷ್ಟು ಹೊತ್ತಿಗೆ ಹೋಳಿಗೆ ಬಂತು. ಬಡಿಸುವ ಹುಡುಗನಿಗೆ ಅವರು ಗಂಭೀರವಾಗಿ, "ಅವನಿಗೆ ಎರಡು ಹಾಕು, ಪಾಪ" ಎಂದರು. ಪಂಕ್ತಿ ಬಿದ್ದು ಬಿದ್ದು ನಕ್ಕಿತು. ಹುಡುಗ ಮೂರು ಹಾಕಿದ. ಆ ಮೂರನ್ನೂ ತಿಂದೆ ಎಂಬುದು ನನ್ನ ವಾದಕ್ಕೆ ಬಲ ಕೊಡುವುದಿಲ್ಲ, ಒಪ್ಪುತ್ತೇನೆ.

ಆದರೆ ನಾನು ಹೋಟೆಲಿನ ವೈರಿ ಅಲ್ಲ. ಬೆಳಿಗ್ಗೆಯ ಇಡ್ಲಿ, ದೋಸೆ ಹೊರಗೇ. ಅದನ್ನು ಲಾಡ್ಜಿನ ರೂಮಿನಲ್ಲಿ ಮಾಡಲಿಕ್ಕೆ ಬರುವುದಿಲ್ಲ, ದುಬಾರಿಯೂ ಅಲ್ಲ. ಕೆಟಲಿನಲ್ಲಿ ಅನ್ನ ಮಾಡುವ ಶೂರರ ಕಥೆ ನನಗೆ ಬೇಡ. ಒಮ್ಮೆ ಮೊಟ್ಟೆ ಬೇಯಿಸಲಿಕ್ಕೆ ಹೋಗಿ ಇಡೀ ಮಹಡಿಯ ಕರೆಂಟು ತೆಗೆದವ ನಾನೇ. ಬೆಂಕಿ ಬೇಡದ್ದನ್ನು ಮಾತ್ರ ತರುವುದು. ಅದೂ ಒಂದು ಹೊತ್ತಿಗೆ, ಹೆಚ್ಚೆಂದರೆ ಎರಡು ಹೊತ್ತಿಗೆ ಸಾಕಾಗುವಷ್ಟು. ಚೆನ್ನೈ ಸೆಕೆಗೆ ಬೆಳಿಗ್ಗೆಯ ಮೊಸರು ರಾತ್ರಿಗೆ ಹುಳಿ ಬಂದು ಮೂಗಿಗೆ ಹೊಡೆಯುತ್ತದೆ. ಹೊಳೆಯುವ ಸೂಪರ್‌ಮಾರ್ಕೆಟಿನಲ್ಲಿ ಅರ್ಧ ಕಿಲೋ ಪ್ಯಾಕೆಟ್ಟು ತಗೊಂಡು ಉಳಿದದ್ದನ್ನು ಲಾಡ್ಜಿನಲ್ಲಿ ಬಿಟ್ಟು ಬಂದರೆ ಉಳಿತಾಯ ಎಂತದ್ದು? ನೂರು ಗ್ರಾಂ ತೂಗಿ ಕಾಗದದಲ್ಲಿ ಕಟ್ಟಿ ಕೊಡುವ ಸಣ್ಣ ಅಂಗಡಿಯೇ ಆಗಬೇಕು. ಮನೆಯಿಂದ ನಾನು ಒಯ್ಯುವುದು ಮುಚ್ಚಳದ ಸ್ಟೀಲ್ ಡಬ್ಬಿ, ಚಮಚ, ಉಪ್ಪು, ಮಿಡಿ ಉಪ್ಪಿನಕಾಯಿಯ ಕುಪ್ಪಿ. ಚಾಕು ಇಲ್ಲ, ಮೆಟ್ರೋದ ಸ್ಕ್ಯಾನರಿನ ಹತ್ತಿರ ಪ್ರವಚನ ಕೇಳಬೇಕಾಗುತ್ತದೆ. ಮುಳ್ಳುಸೌತೆಯನ್ನು ಮೊಣಕಾಲಿಗೆ ಹೊಡೆದು ಮುರಿಯುತ್ತೇನೆ. ನೋಡುವವರು ಯಾರೂ ಇಲ್ಲ, ದೊಡ್ಡಪ್ಪ ಹೇಳಿದ ಹಾಗೆ ಬಾಗಿಲು ಹಾಕಿಯೇ ಇರುತ್ತದಲ್ಲ.

ಎಷ್ಟು ಉಳಿಯಿತು ಅಂತ ಕೇಳುವ ಬದಲು ಒಬ್ಬರಾದರೂ, "ಅಂಗಡಿಯಲ್ಲಿ ಏನು ಅಂತ ಕೇಳಿದೆ?" ಎಂದಿದ್ದರೆ ನಾನು ಸಂಜೆವರೆಗೆ ಮಾತಾಡುತ್ತಿದ್ದೆ.

ನಮ್ಮೂರ ಕಡೆಯ ಬದಿಯಡ್ಕ ಪೇಟೆಯಲ್ಲಿ ಒಂದು ಅಂಗಡಿಯ ಎದುರು ಐದು ನಿಮಿಷ ನಿಂತರೆ ಕನ್ನಡ, ತುಳು, ಮಲಯಾಳ ಮೂರೂ ಕಿವಿಗೆ ಬೀಳುತ್ತವೆ. ನಮಗೆ ಅವಲಕ್ಕಿ, ತುಳುವಿನಲ್ಲಿ ಬಜಿಲ್, ಮಲಯಾಳದಲ್ಲಿ ಅವಲ್. ಮದ್ರಾಸ್ ಮೇಲ್ ರೈಲಿನಿಂದ ಇಳಿದು ಚೆನ್ನೈಯಲ್ಲಿ ಅವಲ್ ಅಂದೆ, ನಡೆಯಿತು. "ಗೆಟ್ಟಿಯಾ?" ಎಂದಳು ಅಂಗಡಿಯಾಕೆ. ಗಟ್ಟಿಯದ್ದು ನೆನೆಯಲಿಕ್ಕೆ ಹೊತ್ತು ಬೇಕು, ನನಗೆ ಬೇಕಾದ್ದು ತೆಳು. ತಮಿಳಿನಲ್ಲಿ ತೆಳು ಹೇಗೆ ಹೇಳುವುದು ಗೊತ್ತಾಗದೆ ಎರಡು ಬೆರಳು ಒತ್ತಿ ತೋರಿಸಿದೆ. ಮುಂಬೈಯ ಮಾಟುಂಗದಲ್ಲಿ ಪೋಹಾ ಎಂದು ಹಿಂದಿಯಲ್ಲಿ ಕೇಳಿ, ಚಿಲ್ಲರೆಯನ್ನು ತುಳುವಿನಲ್ಲಿ ಎಣಿಸುತ್ತಾ ನಿಂತಿದ್ದೆ. ತಕ್ಕಡಿ ಹಿಡಿದವರು ತಲೆ ಎತ್ತದೆ, "ಬಜಿಲ್ ಏತ್ ಬೋಡು?" ಎಂದರು. ಎಷ್ಟು ಬೇಕು ಅಂತ. ಊರು ಕಾಸರಗೋಡು ಎಂದದ್ದಕ್ಕೆ ಕಾಲು ಕಿಲೋದ ಮೇಲೆ ಇನ್ನೊಂದು ಮುಷ್ಟಿ ಬಿತ್ತು. ಆ ಮುಷ್ಟಿಯನ್ನು ನಿಮ್ಮ 'ಎಷ್ಟು ಉಳಿಯಿತು'ವಿನಲ್ಲಿ ಯಾವ ಕಡೆಗೆ ಹಾಕುವುದು?

ಹೈದರಾಬಾದಿನಲ್ಲಿ ಮಾತ್ರ ಮಂಗ ಆದೆ. ಹಿಂದಿಯಲ್ಲಿ ಖೀರಾ ಎಂದಿದ್ದರೆ ಮುಗಿಯುತ್ತಿತ್ತು. ನನಗೆ ತೆಲುಗು ಹೇಳುವ ಚಪಲ, ಬೋರ್ಡು ಓದಲಿಕ್ಕೆ ಹೇಗೂ ಬರುತ್ತದೆ, ಲಿಪಿ ನಮ್ಮದರ ಹಾಗೆಯೇ. ಕತ್ತಲೆಯಲ್ಲಿ ಗಾಡಿಯವನ ಹತ್ತಿರ "ದೋಸಕಾಯ, ಅರ್ಧ ಕಿಲೋ" ಎಂದೆ. ಅವನೇ ಚೀಲಕ್ಕೆ ಹಾಕಿ ಕೊಟ್ಟ. ರೂಮಿಗೆ ಬಂದು ನೋಡಿದರೆ ಹಳದಿ, ಉರುಟು, ಗಟ್ಟಿ ಕಾಯಿಗಳು. ಅವರು ಪಪ್ಪು, ಪಚ್ಚಡಿ ಮಾಡುವ ಸೌತೆ ಅದು. ಹಸಿ ತಿನ್ನುವುದಕ್ಕೆ ಕೀರ ದೋಸಕಾಯ ಎನ್ನಬೇಕಂತೆ. ಮೊಣಕಾಲಿಗೆ ಹೊಡೆದರೆ ಮೊಣಕಾಲೇ ನೋಯಿತು. ಆ ರಾತ್ರಿ ಬರೀ ಮೊಸರವಲಕ್ಕಿ, ಮಿಡಿ.

ಬಿಸಾಡಲಿಕ್ಕೆ ಮನಸ್ಸಾಗದೆ ಊರಿಗೆ ಹೊತ್ತು ತಂದೆ. ನಮ್ಮ ಅಡುಗೆಮನೆಯ ಜಂತಿಯಲ್ಲಿ ಬಾಳೆಬಳ್ಳಿಯಿಂದ ಕಟ್ಟಿದ ಸೌತೆಕಾಯಿಗಳು ಸಾಲಾಗಿ ತೂಗುತ್ತಿದ್ದವು, ಬೇಸಿಗೆಯಲ್ಲಿ ನಾವೇ ಬೆಳೆಸಿದ್ದು. ಅಮ್ಮ ನನ್ನ ಚೀಲ ಬಿಚ್ಚಿದಳು, ಒಮ್ಮೆ ಕಾಯಿ ನೋಡಿದಳು, ಒಮ್ಮೆ ಮೇಲೆ ನೋಡಿದಳು.

"ಇದಕ್ಕೆ ಎಷ್ಟು ಕೊಟ್ಟೆ?"

ಹತ್ತು ರೂಪಾಯಿ ಕಡಿಮೆ ಮಾಡಿ ಹೇಳಿದೆ.