ರಾತ್ರಿ ಮನೆ ತಣಿಸುವ ಕೆಲಸ: ಕಲಬುರಗಿಯಿಂದ ಈ ಬೇಸಿಗೆಯ ದಾಖಲೆ

ನಮ್ಮ ಮನೆ ಕಲಬುರಗಿಯ ಸೇಡಂ ರಸ್ತೆ ಕಡೆ ಇದೆ. ನೆಲಮಹಡಿ ಮಾತ್ರ. ಮೇಲೆ ಸುಮಾರು 1000 ಚದರ ಅಡಿಯ ಆರ್‌ಸಿಸಿ ಸ್ಲ್ಯಾಬ್, ಐದು ಇಂಚು ದಪ್ಪ. ನೆಲಕ್ಕೆ ಶಹಾಬಾದ್ ಫರ್ಸಿ. ಮಾಳಿಗೆಗೆ ಹೋಗುವ ಮೆಟ್ಟಿಲು ಮನೆಯ ಒಳಗಿಂದಲೇ ಇದೆ. ಈ ಮೆಟ್ಟಿಲು ಮುಂದೆ ಬಹಳ ಮುಖ್ಯವಾಗುತ್ತದೆ.

ಎಸಿ ಇಲ್ಲದೆ ಮೇ ತಿಂಗಳಲ್ಲಿ ಅವ್ವ, ಅಪ್ಪ ಇಬ್ಬರಿಗೂ ರಾತ್ರಿ ನಿದ್ದೆ ಬರುವಂತೆ ಮನೆಯನ್ನು ಸಿದ್ಧ ಮಾಡಬೇಕು. ನನ್ನ ಗುರಿ ಇಷ್ಟೇ.

ಮಾರ್ಚ್

ನಮ್ಮಲ್ಲಿ ಶರಣಬಸವೇಶ್ವರ ಜಾತ್ರೆ ಮುಗಿಯುತ್ತಲೇ ಬಿಸಿಲು ಏರುತ್ತದೆ. ಆಗಲೇ ಅಳೆಯೋಕೆ ಶುರು ಮಾಡಿದೆ. ಎರಡು ಸಾದಾ ಡಿಜಿಟಲ್ ಥರ್ಮಾಮೀಟರ್ ತಂದೆ. ಗೋಡೆ, ಸ್ಲ್ಯಾಬಿನ ಬಿಸಿಯನ್ನು ಮುಟ್ಟದೆ ಅಳೆಯೋಕೆ ಒಂದು ಇನ್‌ಫ್ರಾರೆಡ್ ಗನ್ ತಂದೆ.

ತಿಂಗಳ ಕೊನೆಯಲ್ಲಿ ಒಂದು ರಾತ್ರಿ 10 ಗಂಟೆಯ ಲೆಕ್ಕ ಹೀಗಿತ್ತು. ಹೊರಗೆ 31 ಡಿಗ್ರಿ. ಮಲಗುವ ಕೋಣೆಯ ಗಾಳಿ 35. ತಲೆಯ ಮೇಲಿನ ಸ್ಲ್ಯಾಬಿನ ಅಡಿಭಾಗ 39. ಇದನ್ನು ನೋಡಿದ ಮೇಲೆ ಇಡೀ ಯೋಜನೆಯೇ ಬೇರೆಯಾಯಿತು. "ಗಾಳಿನೇ ಇಲ್ಲ" ಅಂತ ನಾವು ರಾತ್ರಿಯೆಲ್ಲ ಒದ್ದಾಡುತ್ತೇವೆ. ಆದರೆ ಮೈಗೆ ತಾಗುವ ಬಿಸಿ ಬರುತ್ತಿರುವುದು ಸ್ಲ್ಯಾಬಿನಿಂದ. ಹಗಲು ಹೀರಿದ್ದನ್ನು ಅದು ರಾತ್ರಿ ನಮ್ಮ ಮೇಲೆ ಬಿಡುತ್ತದೆ. ಫ್ಯಾನ್ ಅದೇ ಬಿಸಿಯನ್ನು ಕೆಳಕ್ಕೆ ತಳ್ಳುತ್ತದೆ.

ಸ್ವಲ್ಪ ಲೆಕ್ಕ ಹಾಕಿದೆ. ಹತ್ತು ಅಡಿ ಎತ್ತರದ ಈ ಮನೆಯೊಳಗಿನ ಗಾಳಿಯ ತೂಕ ಸುಮಾರು 320 ಕೆಜಿ. ಸ್ಲ್ಯಾಬಿನ ತೂಕ ಸುಮಾರು 28 ಟನ್. ಒಂದು ಡಿಗ್ರಿ ಇಳಿಯಬೇಕಾದರೆ ಸ್ಲ್ಯಾಬ್ ಬಿಡಬೇಕಾದ ಶಾಖ, ಒಳಗಿನ ಗಾಳಿ ಬಿಡಬೇಕಾದ್ದರ ಎಪ್ಪತ್ತು, ಎಂಬತ್ತು ಪಟ್ಟು. ಅಂದರೆ ಸಂಜೆ ಅರ್ಧ ಗಂಟೆ ಕಿಟಕಿ ತೆರೆದರೆ ಗಾಳಿ ಬದಲಾಗುತ್ತದೆ, ಸ್ಲ್ಯಾಬ್ ಹಾಗೇ ಇರುತ್ತದೆ. ಮೊದಲು ಸ್ಲ್ಯಾಬಿಗೆ ಬಿಸಿ ಏರದಂತೆ ನೋಡಬೇಕು. ಆಮೇಲೆ ಏರಿದ್ದನ್ನು ರಾತ್ರಿಯಿಡೀ ಹೊರಗೆ ಹಾಕಬೇಕು. ಕೂಲರ್ ಮೂರನೆಯದು.

ಅಪ್ಪ ಬೆಳೆದದ್ದು ಚಿತ್ತಾಪುರ ಕಡೆಯ ಹಳ್ಳಿಯಲ್ಲಿ, ಮಣ್ಣಿನ ಮಾಳಿಗೆ ಮನೆಯಲ್ಲಿ. ಒಂದೂವರೆ ಅಡಿಗಿಂತ ದಪ್ಪದ ಕಲ್ಲಿನ ಗೋಡೆ, ಮೇಲೆ ತೊಲೆ, ಹಲಗೆ, ಅದರ ಮೇಲೆ ದಪ್ಪ ಮಣ್ಣು. ಅಡುಗೆಮನೆಗೆ ಬೆಳಕಿಂಡಿ. "ಫ್ಯಾನ್ ಎಲ್ಲಿತ್ತೋ ಆಗ? ಮಧ್ಯಾಹ್ನ ಬಾಗಲಾ ಹಾಕ್ಕೊಂಡು ಮಲ್ಕೊಂಡ್ರ ತಂಪ ಇರ್ತಿತ್ತು" ಅಂತಾರೆ. ಕಾರಣ ಸರಳ. ಅಷ್ಟು ದಪ್ಪದ ಕಲ್ಲು, ಮಣ್ಣು ದಾಟಿ ಒಳಗೆ ಬರೋಕೆ ಬಿಸಿಗೆ ಹತ್ತು ಗಂಟೆಗೂ ಜಾಸ್ತಿ ಬೇಕು. ಐದು ಇಂಚಿನ ಕಾಂಕ್ರೀಟಿಗೆ ಮೂರು, ನಾಲ್ಕು ಗಂಟೆ ಸಾಕು. ಮಧ್ಯಾಹ್ನದ ಬಿಸಿಲು ಸರಿಯಾಗಿ ಸಂಜೆ ಚಹಾ ಹೊತ್ತಿಗೆ ಒಳಗಿರುತ್ತದೆ.

ಏಪ್ರಿಲ್

ಮಾಳಿಗೆಗೆ ಸುಣ್ಣ. ಗೌಂಡಿ ಒಪ್ಪಲಿಲ್ಲ. "ಮಳಿಗೆ ತೊಳ್ದು ಹೋಗ್ತದ್ರಿ, ಪೇಂಟ್ ಹೊಡೀರಿ" ಅಂದರು. "ಹೋಗ್ಲಿ ಬಿಡ್ರಿ, ಮುಂದಿನ ವರ್ಷ ಮತ್ತ ಹಚ್ಚೂಣ" ಅಂದೆ. ಬಿಸಿಲನ್ನು ಹಿಂದಕ್ಕೆ ಎಸೆದು ಮಾಳಿಗೆ ಕಾಯದಂತೆ ನೋಡುವ ಬಿಳಿ ಕೂಲ್ ರೂಫ್ ಪೇಂಟ್ ಒಳ್ಳೆಯದೇ, ಜಾಸ್ತಿ ವರ್ಷ ಬರುತ್ತದೆ. ಆದರೆ ಸುಣ್ಣ ಅಗ್ಗ, ಮತ್ತು ಬಿಳುಪಿನಲ್ಲಿ ಕಡಿಮೆ ಇಲ್ಲ. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫಿಗೆಂದೇ ಒಂದು ನೀತಿ ತಂದಿದೆ. ನಮ್ಮ ಊರಲ್ಲೂ ಅಷ್ಟೇ ಬಿಸಿಲಿದೆ, ಅಷ್ಟೇ ಬೂದು ಮಾಳಿಗೆಗಳಿವೆ. ನಮ್ಮಲ್ಲೂ ಇದು ಬರಬೇಕು ಅಂತ ನನಗೆ ತುಂಬ ಅನಿಸುತ್ತದೆ.

ಮಾಡಿದ ಬಗೆ ಹೀಗೆ. ಸುಟ್ಟ ಸುಣ್ಣದ ಕಲ್ಲನ್ನು ಡ್ರಮ್ಮಿನಲ್ಲಿ ನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟೆವು. ಅದು ಕುದಿಯುವಾಗ ಮಕ್ಕಳನ್ನು ಹತ್ತಿರ ಬಿಡಬಾರದು. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಮರುದಿನ ಬಟ್ಟೆಯಲ್ಲಿ ಸೋಸಿ, ಅಂಟಿಗೆ ಸ್ವಲ್ಪ ಫೆವಿಕಾಲ್ ಬೆರೆಸಿದೆವು. ಮಾಳಿಗೆಯನ್ನು ಗುಡಿಸಿ, ತೊಳೆದು, ಇನ್ನೂ ಹಸಿ ಇರುವಾಗಲೇ ಸಂಜೆ ಹಚ್ಚಿದೆವು. ಮೊದಲ ಕೈ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಬಿಸಿಲಲ್ಲಿ ಹಚ್ಚಿದರೆ ಬೇಗ ಒಣಗಿ ಪುಡಿಯಾಗುತ್ತದೆ.

ಫಲ ಮರುದಿನವೇ ಕಂಡಿತು. ಮಧ್ಯಾಹ್ನ 3ಕ್ಕೆ, ಹಚ್ಚದೆ ಬಿಟ್ಟ ಮೂಲೆಯ ತುಂಡು 60 ಡಿಗ್ರಿ ದಾಟಿತ್ತು. ಸುಣ್ಣದ ಭಾಗ 44. ಬರಿಗಾಲಲ್ಲಿ ನಿಲ್ಲಬಹುದಿತ್ತು. ರಾತ್ರಿ 10ಕ್ಕೆ ಒಳಗಿನ ಸ್ಲ್ಯಾಬ್ 34ರ ಆಸುಪಾಸು. ಮಾರ್ಚಿಗಿಂತ ಏಪ್ರಿಲ್ ಬಿಸಿ ಅನ್ನೋದನ್ನೂ ನೆನಪಿಡಿ. ಈ ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ.

ಎರಡು ಎಚ್ಚರ. ಎರೆಮಣ್ಣಿನ ದೂಳು ಕೂತರೆ ಬಿಳುಪು ಕುಂದುತ್ತದೆ, ಆಗಾಗ ಗುಡಿಸಬೇಕು. ಮಾಳಿಗೆಯ ಮಳೆನೀರನ್ನು ನೆಲದೊಳಗಿನ ತೊಟ್ಟಿಗೆ (ಸಂಪ್) ಬಿಡುವವರು ಮೊದಲ ಮಳೆಗಳ ನೀರನ್ನು ಹೊರಗೆ ಬಿಡಲಿ.

ಸಂಜೆ ಮಾಳಿಗೆಗೆ ನೀರು ಹೊಡೆಯುವುದರ ಬಗ್ಗೆಯೂ ಯೋಚಿಸಿದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2400 ಕಿಲೋಜೂಲ್ ಶಾಖ ಒಯ್ಯುತ್ತದೆ. ಉಪಾಯ ನಿಜವಾಗಿಯೂ ಚೆನ್ನಾಗಿದೆ. ಆದರೆ ನಳದ ನೀರಿಗೆ ಓಣಿಯೇ ಕಾಯುವ ಮೇ ತಿಂಗಳಲ್ಲಿ ಮಾಳಿಗೆಗೆ ನೀರು ಸುರಿಯೋಕೆ ನನಗೆ ಮನಸ್ಸಿಲ್ಲ.

ಏಪ್ರಿಲ್ ಕೊನೆ: ಮೆಟ್ಟಿಲು

ಬಿಸಿ ಗಾಳಿ ಮೇಲೇರುತ್ತದೆ. ಮನೆಯಲ್ಲಿ ಅತಿ ಎತ್ತರದ ಜಾಗ ಮೆಟ್ಟಿಲ ತಲೆಯ ಕೋಣೆ. ಅಲ್ಲಿನ ಗೋಡೆ ಒಡೆಸಿ 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ, ಪಕ್ಕದಲ್ಲಿ ಒಂದು ಜಾಲಿ ಕಿಟಕಿ. ಹಳೇ ಮನೆಯ ಬೆಳಕಿಂಡಿ ಮಾಡುತ್ತಿದ್ದ ಕೆಲಸ ಇದೇ. ಫ್ಯಾನ್ ಇಲ್ಲದೆಯೂ ಗಾಳಿ ಎಳೆಯುತ್ತದೆ. ಆದರೆ ಆ ಎಳೆತ ಎತ್ತರದ ವರ್ಗಮೂಲದಷ್ಟೇ ಏರುತ್ತದೆ. ಎತ್ತರ ಎರಡರಷ್ಟಾದರೂ ಗಾಳಿ 1.4 ಪಟ್ಟು ಮಾತ್ರ. ನಮ್ಮ ಎತ್ತರಕ್ಕೆ ಫ್ಯಾನ್ ಬೇಕೇ ಬೇಕಾಯಿತು. ಫ್ಯಾನಿನ ಮೇಲೆ ಬರೆದ ಲೆಕ್ಕದಂತೆ ಹತ್ತು ನಿಮಿಷಕ್ಕೆ ಮನೆಯ ಗಾಳಿಯೆಲ್ಲ ಒಮ್ಮೆ ಬದಲಾಗಬೇಕು. ಸೊಳ್ಳೆ ಜಾಲರಿ ದಾಟಿ ಬರುವುದರಿಂದ ಅದಕ್ಕಿಂತ ನಿಧಾನ.

ದಿನಚರಿ ಈಗ ಹೀಗಿದೆ. ಬೆಳಗ್ಗೆ 8ರ ಒಳಗೆ ಎಲ್ಲ ಕಿಟಕಿ ಬಂದ್, ಪರದೆ ಬಂದ್. ಹೊರಗಿನ ಥರ್ಮಾಮೀಟರ್ ಒಳಗಿನದಕ್ಕಿಂತ ಕೆಳಗೆ ಇಳಿದಾಗ ಮಾತ್ರ ತೆರೆಯುವುದು. ಅದು ರಾತ್ರಿ 8, ಕೆಲವೊಮ್ಮೆ 9. ಆಗ ಕೆಳಗಿನ ಕಿಟಕಿ ತೆರೆದು ಮೇಲಿನ ಫ್ಯಾನ್ ಹಾಕುತ್ತೇವೆ, ಬೆಳಗಿನವರೆಗೆ. ಅವ್ವನಿಗೆ ಹಗಲು ಕಿಟಕಿ ಹಾಕುವುದು ಹಿಡಿಸಲಿಲ್ಲ. "ಉಸಿರು ಕಟ್ಟಿದಂಗ ಆಗ್ತದ" ಅಂದರು. ಎರಡು ಥರ್ಮಾಮೀಟರನ್ನೂ ಅವರ ಕಣ್ಣೆದುರಿಗೇ ನೇತುಹಾಕಿದೆ. ಮಧ್ಯಾಹ್ನ ಹೊರಗೆ 42, ಒಳಗೆ 34. ಈಗ ಕಿಟಕಿ ಹಾಕಲು ನೆನಪಿಸುವವರು ಅವರೇ.

ಗ್ಯಾಸ್ ಗೀಸರ್ ಇರುವ ಮನೆಯಲ್ಲಿ ಇಂಥ ಫ್ಯಾನ್ ಹಾಕುವವರಿಗೆ ಒಂದು ಮಾತು. ಗೀಸರ್ ಉರಿಯುವಾಗ ಫ್ಯಾನ್ ಆರಿಸಿ. ಅದು ಗೀಸರಿನ ಹೊಗೆಯನ್ನು ಮನೆಯೊಳಗೇ ಎಳೆಯಬಹುದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಿಷ, ಅದಕ್ಕೆ ವಾಸನೆಯೂ ಇಲ್ಲ.

ಮೇ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ. ಕಚೇರಿಯಿಂದ ನಾನು ಮನೆಗೆ ಬರುವುದು ಸರಿಯಾಗಿ ಬಿಸಿಲಿನ ನಡುನೆತ್ತಿಗೆ. ಆಗ ಕೂಲರ್.

ಕೂಲರ್ ಎಷ್ಟು ತಂಪು ಮಾಡುತ್ತದೆ ಅನ್ನೋದು ಗಾಳಿಯ ತೇವದ ಮೇಲೆ ನಿಂತಿದೆ. ಹೊರಗೆ 42 ಡಿಗ್ರಿ, ತೇವಾಂಶ ಶೇ 20 ಇದ್ದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 24 ತೋರಿಸುತ್ತದೆ. ಅದು ಕೂಲರಿನ ಕೊನೆಯ ಗಡಿ. ಒಳ್ಳೆಯ ಪ್ಯಾಡ್ ಇದ್ದರೆ 27, 28ರ ಗಾಳಿ ಸಿಗುತ್ತದೆ. ನಮಗೆ ಸಿಕ್ಕದ್ದು 28.5. ಇದಕ್ಕೆ ಕೂಲರ್ ಕಿಟಕಿಯ ಹೊರಗೆ, ನೆರಳಲ್ಲಿ ಇರಬೇಕು. ಒಳ ಬಂದ ಗಾಳಿ ಹೊರಗೆ ಹೋಗಲು, ಕೂಲರ್ ಓಡುವಾಗ ಮಾತ್ರ, ಎದುರಿಗೆ ಒಂದು ಕಿಟಕಿ ತೆರೆದಿರಬೇಕು. ಕೋಣೆಯ ನಡುವೆ ಕೂಲರ್ ಇಟ್ಟು ಬಾಗಿಲು ಹಾಕಿದರೆ ಸ್ವಲ್ಪ ಹೊತ್ತಿಗೇ ಮೈ ಅಂಟಂಟು. ನಮ್ಮ ಬೋರ್ ನೀರು ಗಡಸು. ಪ್ಯಾಡಿಗೆ ಬಿಳಿ ಪದರ ಕಟ್ಟುತ್ತದೆ. ಟ್ಯಾಂಕಿನ ಹಳೇ ನೀರನ್ನು ಆಗಾಗ ಪೂರ್ತಿ ಹೊರಗೆ ಬಿಟ್ಟು ಗಿಡಗಳಿಗೆ ಹಾಕುತ್ತೇವೆ.

ಈ ತಿಂಗಳು ಉಳಿದ ದೊಡ್ಡ ತೊಂದರೆ ಪಶ್ಚಿಮದ ಗೋಡೆ. ಕಲಬುರಗಿ ಇರುವುದು 17.3 ಡಿಗ್ರಿ ಉತ್ತರಕ್ಕೆ. ಮೇ ಎರಡನೇ ವಾರ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ. ಆಮೇಲೆ ಆಗಸ್ಟ್ ಶುರುವಿನವರೆಗೂ ಉತ್ತರಕ್ಕೇ ವಾಲಿರುತ್ತಾನೆ. ಹಾಗಾಗಿ ದಕ್ಷಿಣದ ಗೋಡೆಗೆ ಈಗ ಮಧ್ಯಾಹ್ನದ ಬಿಸಿಲಿಲ್ಲ. ಇಳಿಬಿಸಿಲು ಪಶ್ಚಿಮಕ್ಕೆ ನೇರ ಹೊಡೆಯುತ್ತದೆ, ಸಜ್ಜಾ ಅದನ್ನು ತಡೆಯಲ್ಲ. ಸದ್ಯಕ್ಕೆ ಹೊರಗಡೆ ಬಿದಿರಿನ ಚಿಕ್ ಕಟ್ಟಿದ್ದೇನೆ. ಪರದೆ ಒಳಗಿದ್ದರೆ ಬಿಸಿ ಆಗಲೇ ಗಾಜು ದಾಟಿ ಬಂದಿರುತ್ತದೆ, ಅದಕ್ಕೇ ಹೊರಗೆ.

ಮುಂದೆ

ಮಳೆ ಶುರುವಾದ ಮೇಲೆ ಕೂಲರಿಗೆ ಕೆಲಸವಿಲ್ಲ. 32 ಡಿಗ್ರಿ, ಶೇ 70 ತೇವ ಇದ್ದಾಗ ಅದು ನಾಲ್ಕು ಡಿಗ್ರಿಯೂ ಇಳಿಸಲ್ಲ, ತೇವ ಮಾತ್ರ ಹೆಚ್ಚಿಸುತ್ತದೆ. ಪ್ಯಾಡ್ ಒಣಗಿಸಿ ಎತ್ತಿಡಬೇಕು. ಆಗ ಮೆಟ್ಟಿಲ ಫ್ಯಾನ್ ಮಾತ್ರ.

ಚಳಿಗಾಲದ ಪ್ರಶ್ನೆ ಅಣ್ಣ ಕೇಳಿದ. ಅವನಿರುವುದು ಬೀದರಿನಲ್ಲಿ. ಅಲ್ಲಿ ನಮಗಿಂತ ಎತ್ತರ, ಚಳಿಯೂ ಜಾಸ್ತಿ. "ಬಿಳಿ ಮಾಳಿಗಿ ಚಳಿಗಾಲದಾಗೂ ತಂಪ ಮಾಡ್ತದಲ್ಲ?" ಅಂದ. ಮಾಡುತ್ತದೆ. ಆದರೆ ನಮ್ಮೂರಲ್ಲಿ ಚಳಿ ಕೆಲವೇ ವಾರ, ಬಿಸಿಲು ತಿಂಗಳುಗಟ್ಟಲೆ. ನಾನು ಬಿಳಿಯನ್ನೇ ಆರಿಸುತ್ತೇನೆ. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 49 ಡಿಗ್ರಿಯಷ್ಟೇ ಏರುತ್ತಾನೆ. ಬಿಸಿಲು ಸಜ್ಜಾ ಕೆಳಗಿಂದ ಒಳಗೆ ಬಂದು ಫರ್ಸಿ ಮೇಲೆ ಬೀಳುತ್ತದೆ. ಹಗಲು ದಕ್ಷಿಣದ ಪರದೆ ತೆರೆದಿಟ್ಟು, ಸಂಜೆ ಎಲ್ಲ ಬಂದ್ ಮಾಡಿದರೆ ಅಷ್ಟು ಸಾಕು ಅಂತ ನನ್ನ ಲೆಕ್ಕ. ಅಗ್ಗಿಷ್ಟಿಕೆ ಮುಚ್ಚಿದ ಕೋಣೆಯೊಳಗೆ ಬೇಡವೇ ಬೇಡ, ಕೆಂಡದಿಂದಲೂ ಅದೇ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಜನವರಿಯಲ್ಲಿ ಫರ್ಸಿಯ ಬಿಸಿ ಅಳೆದು ಬರೆಯುತ್ತೇನೆ. ಅದಕ್ಕೂ ಮೊದಲು, ಜೂನಿನ ಮೊದಲ ಮಳೆಗೆ, ಪಶ್ಚಿಮದ ಗೋಡೆಯಿಂದ ಹನ್ನೆರಡು ಅಡಿ ಆಚೆ ಒಂದು ಬೇವಿನ ಸಸಿ ಹಚ್ಚಬೇಕು. ಗುಂಡಿ ತೆಗೆಸಿದ್ದೇನೆ.